ಕನ್ನಡ ಸೂಪರ್‌ಹೀರೊ ವೆಬ್‌ಕಾಮಿಕ್: ಮಾತು ಬಲೂನಿನಲ್ಲಿ ಹಿಡಿಯುತ್ತಿಲ್ಲ, ಹೊಡೆದಾಟ ಅರ್ಥವಾಗುತ್ತಿಲ್ಲ

ಪೇಟೆ_ಪೆನ್ಸಿಲ್:
ಎಲ್ಲರಿಗೂ ನಮಸ್ಕಾರ. ಫೋನಿನಲ್ಲಿ ಕೆಳಕ್ಕೆ ಸರಿಸುತ್ತ (ಸ್ಕ್ರೋಲ್ ಮಾಡುತ್ತ) ಓದುವ ಕಾಮಿಕ್ ಮಾಡುತ್ತಿದ್ದೇನೆ. ಬೆಂಗಳೂರಿನಲ್ಲೇ ನಡೆಯುವ ಸೂಪರ್‌ಹೀರೊ ಕಥೆ. ನಾಯಕಿ ಹೆಸರು ತೊರೆ, ಅಪ್ಪ ಚಿಕ್ಕಪೇಟೆ ಕಡೆ ನೀರು ಬಿಡುವ ವಾಲ್ವ್‌ಮ್ಯಾನ್. ನೆಲದಡಿಯ ಪೈಪಿನಲ್ಲಿ ಹರಿಯುವ ಕಾವೇರಿ ನೀರಿನ ಒತ್ತಡ ಅವಳ ಅಂಗೈಗೆ ಗೊತ್ತಾಗುತ್ತದೆ, ಬೇಕಾದ ಕಡೆ ಚಿಮ್ಮಿಸಬಲ್ಲಳು. ಮೊದಲ ಎಪಿಸೋಡ್ 40 ಪ್ಯಾನೆಲ್, ಅಂದರೆ 40 ಚಿತ್ರದ ಚೌಕಟ್ಟು. ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾದಲ್ಲಿ 800 ಪಿಕ್ಸೆಲ್ ಅಗಲಕ್ಕೆ ಬಣ್ಣದವರೆಗೂ ಮುಗಿದಿದೆ. ಈಗ ಮಾತು ಕೂರಿಸಲು ಹೋದರೆ ಬಲೂನು ಮುಖವನ್ನೇ ಮುಚ್ಚುತ್ತಿದೆ, ಕೆಲವು ಕಡೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿದೆ. ಓದಿದ ಗೆಳೆಯರು ಗಲ್ಲಿಯ ಹೊಡೆದಾಟದಲ್ಲಿ ಯಾರು ಯಾರಿಗೆ ಹೊಡೆದರು ಅಂತಲೇ ತಿಳಿಯಲಿಲ್ಲ ಅಂದರು. ಎಲ್ಲಿಂದ ಸರಿಮಾಡಲಿ?

ಅಕ್ಷರ_ಅಳತೆ:
ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಬಣ್ಣ ಮುಗಿಸಿ ಬಲೂನು ಇಡುವುದು ಇಂಗ್ಲಿಷಿಗೆ ಹೇಗೋ ನಡೆದೀತು, ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಪದಗಳು ಉದ್ದ, ಮಧ್ಯೆ ಮುರಿದು ಮುಂದಿನ ಸಾಲಿಗೆ ತಳ್ಳಿದರೆ ಓದು ಮುಗ್ಗರಿಸುತ್ತದೆ. ‘ತಪ್ಪಿಸಿಕೊಳ್ಳಲಾಗುವುದಿಲ್ಲ’ ಅನ್ನುವ ಒಂದು ಪದವನ್ನೇ ನೋಡಿ: 10 ಅಕ್ಷರ. 32 ಪಿಕ್ಸೆಲ್ ಫಾಂಟಿನಲ್ಲಿ ಅದೊಂದೇ ಹೆಚ್ಚುಕಡಿಮೆ 300 ಪಿಕ್ಸೆಲ್. ಎರಡೂ ಕಡೆ 40 ಬಿಟ್ಟರೆ ಬಲೂನು 380, ಅಂದರೆ ಪರದೆಯ ಅರ್ಧದ ಹತ್ತಿರ. ಅದನ್ನೇ ‘ತಪ್ಪಿಸ್ಕೊಳಕ್ಕಾಗಲ್ಲ’ ಅಂತ ಬರೆದರೆ 7 ಅಕ್ಷರ, ಮಾತೂ ಪೇಟೆ ಹುಡುಗಿಯದಾಗುತ್ತದೆ. ಹಾಗಾಗಿ ಮೊದಲು ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ, ಗ್ರಾಂಥಿಕವಾಗಿರುವುದನ್ನು ಆಡುಮಾತಿಗೆ ಇಳಿಸಿ. ಬಲೂನಿಗೆ 12 ಪದ, 4 ಸಾಲು ಮೀರಬೇಡಿ. ಆಮೇಲೆ ಥಂಬ್‌ನೇಲ್ (ಚಿಕ್ಕ ಕಚ್ಚಾ ಚಿತ್ರ) ಹಂತದಲ್ಲೇ ನಿಜವಾದ ಫಾಂಟಿನಲ್ಲಿ ಮಾತು ಕೂರಿಸಿ, ಉಳಿದ ಜಾಗಕ್ಕೆ ಚಿತ್ರ ಹೊಂದಿಸಿ.

ಫಾಂಟು 30 ಪಿಕ್ಸೆಲ್‌ಗಿಂತ ಕೆಳಗೆ ಇಳಿಯಬಾರದು. 68 ಮಿಲಿಮೀಟರ್ ಅಗಲದ ಫೋನಿನಲ್ಲಿ 30 ಪಿಕ್ಸೆಲ್ ಅಂದರೆ ಎರಡೂವರೆ ಮಿಲಿಮೀಟರ್ ಅಷ್ಟೇ, ಅದರೊಳಗೇ ಒತ್ತು, ಕೊಂಬು, ದೀರ್ಘ ಎಲ್ಲ ಕಾಣಬೇಕು. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೊನೆಯ ಸಾಲಿನ ಒತ್ತಿಗಾಗಿ ಬಲೂನಿನ ತಳದಲ್ಲಿ ಮೇಲ್ಗಡೆಗಿಂತ 8–10 ಪಿಕ್ಸೆಲ್ ಹೆಚ್ಚು ಬಿಡಿ. ಪೂರ್ತಿ ಅಂಡಾಕಾರಕ್ಕಿಂತ ಮೂಲೆ ಸವೆದ ಚೌಕವೇ ಕನ್ನಡಕ್ಕೆ ಒಗ್ಗುತ್ತದೆ. ಅಂಡಾಕಾರದಲ್ಲಿ ಮೊದಲ ಮತ್ತು ಕೊನೆಯ ಸಾಲು ಚಿಕ್ಕದಿರಬೇಕು, ನಮ್ಮ ಕ್ರಿಯಾಪದ ಬಂದು ಕೂರುವುದೇ ಕೊನೆಯ ಸಾಲಿನಲ್ಲಿ.

ಒತ್ತಕ್ಷರ ಒಡೆಯುವುದು ಟೆಕ್ಸ್ಟ್ ಟೂಲಿನ ಕೊರತೆ. ಚಿತ್ರವನ್ನು ಪಿಎನ್‌ಜಿ ಮಾಡಿ ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ಗೆ ತಂದು ಅಲ್ಲಿ ಮಾತು ಹಾಕಿ, ಒತ್ತು ಸರಿಯಾಗಿ ಕೂರುತ್ತದೆ. ಬೇರೆಯವರಿಗೆ ಫೈಲ್ ಕೊಡುವಾಗ ಅಕ್ಷರಗಳನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿ ಕೊಡಿ, ಅವರಲ್ಲಿ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಫಾಂಟಿಗೆ ಬಾಲೂ ತಮ್ಮ 2 ಅಥವಾ ಅನೇಕ್ ಕನ್ನಡ ನೋಡಿ. ಎರಡೂ ಮುಕ್ತ ಪರವಾನಗಿಯವು, ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ. ಒತ್ತಿ ಹೇಳುವ ಪದಕ್ಕೆ ದಪ್ಪ ಬಳಸಿ. ಓರೆ ಮಾಡಬೇಡಿ, ಕನ್ನಡದ ದುಂಡು ಅಕ್ಷರ ಓರೆಯಾದರೆ ಉರುಳಿ ಬೀಳುವ ಹಾಗೆ ಕಾಣುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳು ಬೇಡವೇ ಬೇಡ.

ಮೂರನೇ_ಮಹಡಿ:
ಹೊಡೆದಾಟದ ಬಗ್ಗೆ ನಾನು ಹೇಳುತ್ತೇನೆ. 20:9 ಅಳತೆಯ ಫೋನಿನಲ್ಲಿ 800 ಅಗಲದ ಚಿತ್ರ ಒಂದು ಸಲಕ್ಕೆ ಕಾಣುವುದು ಹೆಚ್ಚೆಂದರೆ 1777 ಪಿಕ್ಸೆಲ್ ಎತ್ತರ. ಏಟಿನ ತಯಾರಿ ಮತ್ತು ಏಟು ಎರಡೂ ಆ ಒಂದು ಪರದೆಯೊಳಗೆ ಇರಲಿ, ಪರಿಣಾಮ ಮಾತ್ರ ಕೆಳಕ್ಕೆ ಹೋಗಲಿ. ಸಾಮಾನ್ಯ ಪ್ಯಾನೆಲ್‌ಗಳ ನಡುವೆ 200 ಪಿಕ್ಸೆಲ್ ಖಾಲಿ ಸಾಕು. ಹೊಡೆತದ ನಡುವೆ 60–80ಕ್ಕೆ ಇಳಿಸಿ. ಸಮಯ ಅಥವಾ ಜಾಗ ಬದಲಾದರೆ 600ರಿಂದ 1000. ಎಲ್ಲ ಕಡೆ ಒಂದೇ ಅಂತರ ಬಿಟ್ಟರೆ ಏಟಿಗೂ ಮಾತಿಗೂ ಒಂದೇ ಲಯವಾಗಿ ಎಲ್ಲ ಸಪ್ಪೆಯಾಗುತ್ತದೆ.

ಗಲ್ಲಿ ಹೊಡೆದಾಟ ಗೊಂದಲವಾಗಲು ಸಾಮಾನ್ಯ ಕಾರಣ ದಿಕ್ಕು. ತೊರೆ ಎಡಗಡೆ ಇದ್ದರೆ ಆ ದೃಶ್ಯ ಮುಗಿಯುವವರೆಗೂ ಎಡಗಡೆಯೇ ಇರಲಿ. ದಿಕ್ಕು ಬದಲಿಸಲೇಬೇಕೆಂದರೆ ನಡುವೆ ಮಾಳಿಗೆ ಮೇಲಿಂದ ಕಂಡ ಒಂದು ಪ್ಯಾನೆಲ್ ಹಾಕಿ. ಚಿಕ್ಕಪೇಟೆಯ ಹಿನ್ನೆಲೆಯಲ್ಲಿ ಬೋರ್ಡು, ಕೇಬಲ್, ನೇತುಹಾಕಿದ ಸೀರೆ ಬಹಳ. ಎಲ್ಲವನ್ನೂ ಎಲ್ಲ ಪ್ಯಾನೆಲ್‌ನಲ್ಲಿ ಬರೆದರೆ ಮನುಷ್ಯರು ಅದರಲ್ಲಿ ಕರಗಿ ಹೋಗುತ್ತಾರೆ. ಐದಕ್ಕೊಂದು ಪ್ಯಾನೆಲ್‌ನಲ್ಲಿ ಪೂರ್ತಿ ಗಲ್ಲಿ ತೋರಿಸಿ, ಉಳಿದವಕ್ಕೆ ಎರಡು ಛಾಯೆಯ ನೆರಳು ಸಾಕು.

ಇನ್ನೊಂದು ಮಾತು. ಸ್ಕ್ರೋಲಿನಲ್ಲಿ ಕಣ್ಣು ಕೆಳಕ್ಕೆ ಇಳಿಯುತ್ತದೆ, ನಿಮ್ಮ ನೀರು ಮೇಲಕ್ಕೆ ಚಿಮ್ಮುತ್ತದೆ. ಒಂದಕ್ಕೊಂದು ಎದುರು. ಅದನ್ನು ತಿರುಗಿಸಿ: ಮೊದಲು ಮೂರನೇ ಮಹಡಿಯ ಕಿಟಕಿಗೆ ಬಡಿಯುವ ಹನಿ, ಕೆಳಗೆ ನೀರಿನ ಕಂಬ, ಇನ್ನೂ ಕೆಳಗೆ ಒಡೆದ ಕಲ್ಲುಚಪ್ಪಡಿ, ತೀರ ಕೊನೆಗೆ ನೆಲಕ್ಕೆ ಊರಿದ ಅವಳ ಕೈ. 2400 ಪಿಕ್ಸೆಲ್ ಉದ್ದದ ಒಂದೇ ಪ್ಯಾನೆಲ್. ಯಾರು ಮಾಡಿದರು ಅನ್ನುವುದು ಓದುಗನ ಬೆರಳಿಗೇ ಸಿಗುತ್ತದೆ.

ಶಕ್ತಿಗೆ ಮಿತಿ ಇಟ್ಟಿದ್ದೀರಾ? ಬರೆದಿಲ್ಲ, ಅದಕ್ಕೆ ಕೇಳಿದೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಹಂತದಲ್ಲಿ ಪಂಪ್ ಆಗಿ ಬರುವ ಕಾವೇರಿ ನೀರು ಬೀದಿಗೆ ದಿನವಿಡೀ ಬರುವುದಿಲ್ಲ. ಹಾಗಾದರೆ ನೀರು ಬಿಡದ ದಿನ ತೊರೆ ಬರಿಗೈ. ಖಳನಾಯಕನಿಗೆ ವಾಲ್ವ್ ತಿರುಗಿಸುವ ವೇಳಾಪಟ್ಟಿ ಸಿಕ್ಕರೆ ಸಾಕು, ಕಥೆಗೆ ಬಿಗಿ ಬಂತು. ನೀರು ಬರುವ ಮೊದಲು ನಲ್ಲಿ ‘ಬುಸ್’ ಅಂತ ಗಾಳಿ ಬಿಡುತ್ತದಲ್ಲ, ಅದೇ ಅವಳ ಶಕ್ತಿ ಬರುವ ಸೂಚನೆ ಆಗಲಿ. ಬೆಂಗಳೂರಿನ ಓದುಗನಿಗೆ ಇದನ್ನು ವಿವರಿಸುವುದೇ ಬೇಡ.

ಪೇಟೆ_ಪೆನ್ಸಿಲ್:
ಬುಸ್ ತುಂಬ ಹಿಡಿಸಿತು, ಖಂಡಿತ ಹಾಕುತ್ತೇನೆ. 40 ಪ್ಯಾನೆಲನ್ನೂ ಮತ್ತೆ ಬರೆಯಬೇಕಾ? ವಾರಕ್ಕೆ 15 ಗಂಟೆ ಸಿಗುತ್ತದೆ. ಸ್ಕ್ರಿಪ್ಟ್ ಗೆಳತಿಯದು, ಅವರ ಜೊತೆ ಕಾಗದಪತ್ರ ಏನಾದರೂ ಬೇಕಾ? ಮುಂದೆ ಪುಸ್ತಕ ಮಾಡುವ ಆಸೆಯೂ ಇದೆ.

ಕೆರೆ_ಏರಿ:
ಎಲ್ಲ ಬೇಡ. ಮಾತಿಲ್ಲದ ಪ್ಯಾನೆಲ್‌ಗಳನ್ನು ಹಾಗೇ ಬಿಡಿ. ಮುಖ ಮುಚ್ಚುವ ಕಡೆ ಪ್ಯಾನೆಲನ್ನು 150 ಪಿಕ್ಸೆಲ್ ಮೇಲಕ್ಕೆ ಹಿಗ್ಗಿಸಿ, ಬಲೂನಿನ ಅರ್ಧ ಚೌಕಟ್ಟಿನಿಂದ ಆಚೆ ಖಾಲಿ ಜಾಗಕ್ಕೆ ಹೋಗಲಿ. ಹೊಡೆದಾಟದ ಭಾಗವನ್ನು ಮಾತ್ರ ಥಂಬ್‌ನೇಲ್‌ನಿಂದ ಹೊಸದಾಗಿ ಮಾಡಿ.

ಮುಂದಿನ ಎಪಿಸೋಡಿಗೆ ಲೆಕ್ಕ ಹೀಗೆ ಹಾಕಿ: 40 ಪ್ಯಾನೆಲಿಗೆ ಸ್ಕ್ರಿಪ್ಟ್ ತಿದ್ದಲು 4 ಗಂಟೆ, ಮಾತಿನ ಸಮೇತ ಥಂಬ್‌ನೇಲ್ 8, ಪೆನ್ಸಿಲ್ 16, ಇಂಕ್ 14, ಚಪ್ಪಟೆ ಬಣ್ಣ 6, ನೆರಳು 8, ಅಕ್ಷರ ಮತ್ತು ಎಕ್ಸ್‌ಪೋರ್ಟ್ 4. ಒಟ್ಟು 60. ನಿಮ್ಮ 15 ಗಂಟೆಗೆ ಸರಿಯಾಗಿ ನಾಲ್ಕು ವಾರ. ವಾರಕ್ಕೊಂದು ಅಂತ ಓದುಗರಿಗೆ ಮಾತು ಕೊಡಬೇಡಿ, ತಿಂಗಳಿಗೊಂದು ಅನ್ನಿ. ಮೂರು ಎಪಿಸೋಡ್ ಕೈಯಲ್ಲಿ ಇಟ್ಟುಕೊಂಡೇ ಮೊದಲನೆಯದನ್ನು ಹಾಕಿ. ಜ್ವರ, ಆಫೀಸಿನ ರಿಲೀಸು, ಮನೆಯ ಮದುವೆ, ಏನಾದರೊಂದು ಬಂದೇ ಬರುತ್ತದೆ.

ಉಡುಪನ್ನೂ ಈಗಲೇ ಸರಳ ಮಾಡಿ. ಎಪಿಸೋಡಿಗೆ 30 ಸಲ ಬರೆಯಬೇಕಾದ ಉಡುಪಿನಲ್ಲಿ ಒಂದು ಗುಂಡಿ ಹೆಚ್ಚಾದರೂ 30 ಗುಂಡಿ. ಮೂರು ಬಣ್ಣ ಸಾಕು. ಇಡೀ ಆಕೃತಿಗೆ ಕಪ್ಪು ತುಂಬಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿದಾಗಲೂ ತೊರೆ ಅಂತ ಗುರುತು ಸಿಗಬೇಕು.

ಪುಸ್ತಕದ ಆಸೆ ಇದ್ದರೆ 800ರಲ್ಲಿ ಬರೆಯುವುದನ್ನು ನಿಲ್ಲಿಸಿ. ಎ5 ಪುಟದ ಅಗಲ 148 ಮಿಲಿಮೀಟರ್, 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) 1748 ಪಿಕ್ಸೆಲ್ ಬೇಕು. 2400 ಅಗಲದಲ್ಲಿ ಬರೆದರೆ ಕತ್ತರಿಸುವ ಅಂಚಿಗೂ ಸಾಲುತ್ತದೆ, ಸರಿಯಾಗಿ ಮೂರನೇ ಒಂದಕ್ಕೆ ಇಳಿಸಿದರೆ ವೆಬ್ಬಿಗೂ ಆಯಿತು. ಇಳಿಸಿದ ಮೇಲೆ ತುಂಡು ಮಾಡಿ, ಮೊದಲೇ ಮಾಡಿದರೆ ಜೋಡಣೆಯಲ್ಲಿ ಗೆರೆ ಕಾಣುತ್ತದೆ. ಯಾರು ಬೇಕಾದರೂ ಕಾಮಿಕ್ ಹಾಕಬಹುದಾದ ವೆಬ್‌ಟೂನ್ ಕ್ಯಾನ್ವಾಸ್ ತಾಣಕ್ಕೆ 800×1280ರ ತುಂಡು, ಕತ್ತರಿ ಆದಷ್ಟೂ ಖಾಲಿ ಜಾಗದ ಮೇಲೇ ಬೀಳಲಿ. ಪ್ರತಿ ಪ್ಯಾನೆಲ್ ಬೇರೆ ಗ್ರೂಪ್, ಬಲೂನು ಬೇರೆ ಲೇಯರ್. ಇಲ್ಲದಿದ್ದರೆ ಸ್ಕ್ರೋಲನ್ನು ಪುಟಕ್ಕೆ ಹೊಂದಿಸುವಾಗ ಎಲ್ಲ ಹೊಸದಾಗಿ ಮಾಡಬೇಕು.

ಕಾಗದ ಬೇಕೇ ಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರೆದವರಿಗೆ ಬರವಣಿಗೆಯ ಹಕ್ಕು, ಚಿತ್ರ ಮಾಡಿದವರಿಗೆ ಚಿತ್ರದ ಹಕ್ಕು ತಾನಾಗೇ ಇರುತ್ತದೆ. ಹಕ್ಕು ಬಿಟ್ಟುಕೊಡುವುದಾದರೆ ಸಹಿ ಹಾಕಿದ ಬರಹ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ 19ನೇ ಸೆಕ್ಷನ್ ಹೇಳುತ್ತದೆ. ಪುಸ್ತಕದ ಹಣ ಹೇಗೆ ಹಂಚಿಕೆ, ಒಬ್ಬರು ಬಿಟ್ಟುಹೋದರೆ ತೊರೆ ಯಾರ ಬಳಿ ಇರುತ್ತಾಳೆ, ಈ ಎರಡನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದುಕೊಳ್ಳಿ.

ಅಕ್ಷರ_ಅಳತೆ:
ಬುಸ್ ಹಾಕುವಾಗ ಒಂದು ಎಚ್ಚರಿಕೆ. ‘ಬುಸ್‌ಬುಸ್’ ಅಂತ ಟೈಪ್ ಮಾಡಿದರೆ ಸ್‌ಗೆ ಬ ಒತ್ತಾಗಿ ಸೇರಿ ‘ಬುಸ್ಬುಸ್’ ಆಗುತ್ತದೆ. ನಡುವೆ ಯು+200ಸಿ ಅನ್ನುವ ಕಾಣದ ಅಕ್ಷರ ಹಾಕಬೇಕು. ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಯು ಒತ್ತಿ 200ಸಿ ಬರೆದು ಎಂಟರ್ ಒತ್ತಿ. ಇನ್ನೂ ಒಳ್ಳೆಯದೆಂದರೆ ಶಬ್ದಗಳನ್ನು ಫಾಂಟಿನಲ್ಲಿ ಹಾಕದೆ ಚಿತ್ರದ ಬ್ರಷ್ಷಿನಲ್ಲೇ ಬರೆಯಿರಿ: ನಲ್ಲಿಯ ಬಾಯಲ್ಲಿ ‘ಬು’ ಸಣ್ಣದಾಗಿ ಹುಟ್ಟಿ, ‘ಸ್’ ಪ್ಯಾನೆಲ್ ದಾಟುವವರೆಗೂ ಎಳೆದುಕೊಂಡು ಹೋಗಲಿ.