ಫಿಲಿಪೀನ್ಸ್‌ನ ಬಿಕೋಲ್ ಕಡೆ ಮದುವೆಗೆ ಹೋಗ್ತಿದೀವಿ, ಮಾಯೋನ್ ಜ್ವಾಲಾಮುಖಿ ಬುಡದಲ್ಲೇ ಜನ ಯಾಕೆ ಇರ್ತಾರೆ?

ಕುಂದಾಪ್ರದವ್ಳು_ಶಾರ್ಜಾ:

ಎಲ್ರಿಗೂ ನಮಸ್ಕಾರ. ನಾನು ಶಾರ್ಜಾದಲ್ಲಿ ಒಂದು ಕ್ಲಿನಿಕ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್. ಜೊತೆಗಿರೋ ನರ್ಸ್ ಒಬ್ರು ಫಿಲಿಪೀನ್ಸ್‌ನವ್ರು, ಬಿಕೋಲ್ ಅನ್ನೋ ಪ್ರದೇಶದಲ್ಲಿ ಅಲ್ಬೈ ಪ್ರಾಂತ್ಯ ಅಂತೆ. ಫೆಬ್ರವರಿಯಲ್ಲಿ ಅವ್ರ ತಂಗಿ ಮದುವೆ, ನನ್ನೂ ನಮ್ಮನೆಯವ್ರನ್ನೂ ತುಂಬಾ ಒತ್ತಾಯ ಮಾಡಿ ಕರ್ದಿದಾರೆ. ಮನೆ ಫೋಟೋ ತೋರ್ಸಿದ್ರು, ಮುಂದೆ ಗದ್ದೆ, ಆಚೆ ತೆಂಗಿನ ತೋಟ, ಅದ್ರ ಹಿಂದೆ ಗೆರೆ ಎಳ್ದಂಗೆ ಚೂಪಾಗಿರೋ ಬೆಟ್ಟ, ತುದಿಯಿಂದ ಹೊಗೆ! ಅದೇ ಮಾಯೋನ್ ಜ್ವಾಲಾಮುಖಿ ಅಂತ ಆರಾಮಾಗಿ ಹೇಳ್ತಾರೆ. ಚಿಕ್ಕೋಳಿದ್ದಾಗ ಸ್ಕೂಲಲ್ಲೇ ವಾರಗಟ್ಲೆ ಮಲ್ಗಿದ್ದು, ಮನೆ ಬಿಟ್ಟು ಓಡಿದ್ದು ಎಲ್ಲಾ ಹೇಳಿದ್ರು, ಆದ್ರೂ ಊರು ಬಿಡೋ ಮಾತೇ ಇಲ್ಲ, ಇಲ್ಲಿ ದುಡ್ದಿದ್ದನ್ನ ಅಲ್ಲೇ ಮನೆ ಕಟ್ಟೋಕೆ ಹಾಕಿದಾರೆ. ಅವ್ರನ್ನ ನೇರವಾಗಿ ಕೇಳೋಕೆ ಒಂಥರಾ ಸಂಕೋಚ. ಅಂಥಾ ಜಾಗದಲ್ಲಿ ಜನ ಯಾಕಿರ್ತಾರೆ, ಏನ್ ಬೆಳೀತಾರೆ, ಬದುಕು ಹೆಂಗೆ? ಹೋಗೋಕ್ ಮುಂಚೆ ಆ ಊರಿನ ಬಗ್ಗೆ ಸ್ವಲ್ಪ ತಿಳ್ಕೊಂಡು ಹೋಗ್ಬೇಕು ಅಂತ ಆಸೆ. ಇನ್ನೊಂದು, ನಾನು ಮೀನು ತಿಂತೀನಿ, ನಮ್ಮನೆಯವ್ರು ಪೂರ್ತಿ ವೆಜ್. ಊಟಕ್ಕೆ ಏನ್ ಗತಿ?

ಕಲ್ಲುಮಣ್ಣು:

ನಾನು ಜಿಯಾಲಜಿ ಓದಿದವ್ನು, ಮಾಯೋನ್ ಬಗ್ಗೆ ತುಂಬಾ ವರ್ಷದಿಂದ ಓದ್ಕೊಂಡು ಬಂದಿದೀನಿ, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ.

ಮೊದ್ಲು ಜಾಗ. ಲುಜೋನ್ ದ್ವೀಪದ ಆಗ್ನೇಯ ತುದಿಯಲ್ಲಿ ಉದ್ದಕ್ಕೆ ಚಾಚ್ಕೊಂಡಿರೋ ನೆಲ, ಜೊತೆಗೆ ಎರಡು ದ್ವೀಪ ಪ್ರಾಂತ್ಯ, ಇಷ್ಟು ಸೇರಿದ್ರೆ ಬಿಕೋಲ್. ಅಲ್ಬೈ, ಕಮರೀನೆಸ್ ಸುರ್, ಕಮರೀನೆಸ್ ನೋರ್ತೆ, ಸೊರ್ಸೊಗೋನ್, ದ್ವೀಪಗಳು ಕತಾಂದ್ವಾನೆಸ್ ಮತ್ತೆ ಮಸ್ಬಾತೆ, ಒಟ್ಟು 6. 2020ರ ಗಣತಿಯಲ್ಲಿ ಜನಸಂಖ್ಯೆ 60 ಲಕ್ಷ ದಾಟಿತ್ತು. ನಿಮ್ಮ ಗೆಳತಿ ಊರಿನ ಹತ್ರ ಇರೋ ಲೆಗಾಸ್ಪಿನೇ ಪ್ರಾದೇಶಿಕ ಕೇಂದ್ರ.

ಮಾಯೋನ್ ಎತ್ತರ ಸುಮಾರು 2460 ಮೀಟರ್, ಸಮುದ್ರದ ಹತ್ರದಿಂದಲೇ ಎದ್ದಿರೋದ್ರಿಂದ ಇನ್ನೂ ದೊಡ್ಡದಾಗಿ ಕಾಣತ್ತೆ. ದೇಶದಲ್ಲೇ ಅತೀ ಹೆಚ್ಚು ಸಲ ಸಿಡಿದಿರೋ ಜ್ವಾಲಾಮುಖಿ ಇದು. 1814ರ ಫೆಬ್ರವರಿ 1ರ ಸಿಡಿತದಲ್ಲಿ ಕಗ್ಸಾವಾ ಅನ್ನೋ ಊರೇ ಮುಚ್ಚೋಯ್ತು, ಸುಮಾರು 1200 ಜನ ಸತ್ರು, ಚರ್ಚಿನ ಗಂಟೆ ಗೋಪುರ ಮಾತ್ರ ಇವತ್ತಿಗೂ ನಿಂತಿದೆ. 1993ರಲ್ಲಿ 70ಕ್ಕೂ ಹೆಚ್ಚು ಜನ ಹೋದ್ರು, ಅದ್ರಲ್ಲಿ ಜಾಸ್ತಿ ಜನ ಇಳಿಜಾರಲ್ಲಿ ಹೊಲದ ಕೆಲ್ಸ ಮಾಡ್ತಿದ್ದ ರೈತರು.

ಹಂಗಿದ್ರೆ ಯಾಕಿರ್ತಾರೆ ಅಂದ್ರೆ ಮಣ್ಣಿಗೋಸ್ಕರ. ಬೂದಿ ಕಾಲಕ್ರಮೇಣ ಸವೆದು ಆದ ಮಣ್ಣು ತುಂಬಾ ಫಲವತ್ತು, ಬೆಟ್ಟದಿಂದ ನೀರೂ ಬರತ್ತೆ, ಬುಡದಲ್ಲಿ ಭತ್ತ, ಸ್ವಲ್ಪ ಮೇಲೆ ತೆಂಗು, ಅಬಕಾ (ನಾರಿಗೆ ಬೆಳೆಯೋ ಬಾಳೆ ಜಾತಿ ಗಿಡ), ತರಕಾರಿ. ತುದಿಯಿಂದ 6 ಕಿಮೀ ಒಳಗೆ ಶಾಶ್ವತ ಅಪಾಯ ವಲಯ ಅಂತ ಸರ್ಕಾರ ಘೋಷಿಸಿದೆ, ಆದ್ರೆ ಅದ್ರೊಳಗೂ ಹೋಗಿ ಬೇಸಾಯ ಮಾಡೋರಿದಾರೆ, ಯಾಕಂದ್ರೆ ಬೇರೆ ಕಡೆ ಸ್ವಂತ ಜಮೀನಿಲ್ಲ. ಹೊರಗಿಂದ ನೋಡಿ ಧೈರ್ಯ ಅಂತಾನೋ ಹುಚ್ಚು ಅಂತಾನೋ ಅಂದ್ಬಿಡೋದು ಸುಲಭ, ಆದ್ರೆ ಅದು ಹೊಟ್ಟೆಪಾಡಿನ ಲೆಕ್ಕ.

ಆದ್ರೆ ನನಗೆ ನಿಜವಾಗ್ಲೂ ಹೇಳ್ಬೇಕನ್ಸೋದು ಬೇರೆ. ಎಲ್ರೂ ಬೆಂಕಿಗೆ ಹೆದರ್ತಾರೆ, ಇತ್ತೀಚಿನ ದಶಕಗಳಲ್ಲಿ ಅಲ್ಲಿ ಹೆಚ್ಚು ಜನರನ್ನ ಕೊಂದಿದ್ದು ನೀರು. 2006ರಲ್ಲಿ ಮಾಯೋನ್ ಲಾವಾ ಬೂದಿ ಕಕ್ಕಿ ಇಳಿಜಾರಲ್ಲೆಲ್ಲಾ ಸಡಿಲವಾದ ಕಲ್ಲು ಮರಳು ಕೂತಿತ್ತು, ಜನಾನ ಮೊದ್ಲೇ ಖಾಲಿ ಮಾಡಿಸಿದ್ರಿಂದ ಸಿಡಿತದಿಂದ ದೊಡ್ಡ ಸಾವು ನೋವು ಆಗ್ಲಿಲ್ಲ. ಆಮೇಲೆ ನವೆಂಬರ್ 30ಕ್ಕೆ ರೆಮಿಂಗ್ ಅನ್ನೋ ಟೈಫೂನ್, ಅಂದ್ರೆ ಚಂಡಮಾರುತ, ಬಂತು, ಗಂಟೆಗಟ್ಲೆ ಸುರಿದ ಮಳೆಗೆ ಆ ಕಲ್ಲು ಮರಳೆಲ್ಲಾ ಸಿಮೆಂಟ್ ಕಲಸಿದಂಗೆ ಹರ್ಕೊಂಡು ಬಂದು ಲೆಗಾಸ್ಪಿಯ ಪಡಾಂಗ್, ದರಾಗಾ, ಗಿನೊಬಾತಾನ್ ಕಡೆ ಊರುಗಳ ಮೇಲೆ ಬಿತ್ತು. ಲಹಾರ್ ಅಂತಾರೆ ಅದನ್ನ. ಆ ಟೈಫೂನ್‌ನಲ್ಲಿ ಸತ್ತೋರು, ಕಾಣೆಯಾದೋರು ಸೇರಿ ಸಾವಿರ ದಾಟಿತ್ತು. 2020ರ ನವೆಂಬರ್ 1ಕ್ಕೆ ರೋಲಿ ಟೈಫೂನ್ ಬಂದಾಗ್ಲೂ ಗಿನೊಬಾತಾನ್‌ನಲ್ಲಿ ಮತ್ತೆ ಅದೇ ಥರ ಮನೆಗಳು ಹೂತೋದ್ವು. ಬಿಕೋಲ್ ಪೆಸಿಫಿಕ್ ಕಡೆಗೆ ಮುಖ ಮಾಡ್ಕೊಂಡಿರೋದ್ರಿಂದ ಟೈಫೂನ್‌ಗಳು ಮೊದ್ಲು ಬಡಿಯೋ ಜಾಗಗಳಲ್ಲಿ ಅದೂ ಒಂದು.

ಅಲ್ಬೈ ಪ್ರಾಂತ್ಯದವ್ರು ಇದ್ರಿಂದ ಕಲ್ತಿದಾರೆ ಅನ್ನೋದನ್ನೂ ಹೇಳ್ಬೇಕು. ವಿಪತ್ತು ನಿರ್ವಹಣೆಗೆ ಅಂತಾನೇ ಪ್ರಾಂತ್ಯಕ್ಕೆ ಕಾಯಂ ಕಚೇರಿ ಇದೆ, ಒಂದು ಜೀವನೂ ಹೋಗ್ಬಾರ್ದು ಅನ್ನೋದೇ ಗುರಿ. 2023ರ ಜೂನ್‌ನಲ್ಲಿ ಮಾಯೋನ್ ಎದ್ದಾಗ ಸುಮಾರು 20 ಸಾವಿರ ಜನರನ್ನ ಶಿಬಿರಗಳಿಗೆ ಸಾಗ್ಸಿದ್ರು. ನಿಮ್ಮ ಗೆಳತಿ ಚಿಕ್ಕೋರಿದ್ದಾಗ ಸ್ಕೂಲಲ್ಲಿ ಮಲ್ಗಿದ್ದು ಅಂದಿದ್ದು ಇಂಥಾ ಶಿಬಿರದಲ್ಲೇ. ಶಾಲೆಗಳೇ ಶಿಬಿರ ಆಗೋದ್ರಿಂದ ಮಕ್ಕಳ ಪಾಠ ತಿಂಗಳುಗಟ್ಲೆ ನಿಲ್ಲತ್ತೆ, ಆ ನಷ್ಟ ಯಾವ ಲೆಕ್ಕದಲ್ಲೂ ಬರಲ್ಲ.

ಡೆಕ್_ಕಾರವಾರ:

ಊಟದ ಪ್ರಶ್ನೆಗೆ ನಾನ್ ಉತ್ರ ಕೊಡ್ತೆ. ಮರ್ಚೆಂಟ್ ನೇವಿಲಿ ಇರೋದು, ಹಡಗಲ್ಲಿ ಅರ್ಧಕ್ಕರ್ಧ ಸಿಬ್ಬಂದಿ ಫಿಲಿಪಿನೋಗಳು, ಒಂದು ಹಡಗಲ್ಲಿ ನಮ್ ಅಡುಗೆಯವ್ರು ಸೊರ್ಸೊಗೋನ್‌ನವ್ರಾಗಿದ್ರು. ಫಿಲಿಪೀನ್ಸ್‌ನ ಬಾಕಿ ಕಡೆ ಊಟ ಅಂಥಾ ಖಾರ ಇರೂದಿಲ್ಲ, ಬಿಕೋಲ್‌ನವ್ರು ಮಾತ್ರ ಖಾರಕ್ಕೆ ಹೆಸರುವಾಸಿ, ತೆಂಗಿನ ಹಾಲು ಮತ್ತೆ ಸೂಜಿ ಮೆಣಸು ಇಲ್ದೆ ಅಡುಗೆನೇ ಇಲ್ಲ. ಲೈಂಗ್ ಅಂತ ಒಂದಿದೆ, ಒಣಗ್ಸಿದ ಕೆಸುವಿನ ಎಲೆನ ತೆಂಗಿನ ಹಾಲಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಲೆ ಬೇಯ್ಸೂದು, ಎಣ್ಣೆ ಬಿಡೋ ತನಕ. ಕುಂದಾಪ್ರದವ್ರಿಗೆ ಹೇಳ್ಬೇಕಾ, ಪತ್ರೊಡೆ ತಿಂದ ಬಾಯಿಗೆ ಅದು ಮನೆ ಊಟದ ಥರಾನೇ ಅನ್ನಿಸ್ತದೆ, ಗಂಟಲು ತುರಿಸ್ಬಾರ್ದು ಅಂತ ಅವ್ರೂ ಎಲೆ ವಿಷ್ಯದಲ್ಲಿ ಅಷ್ಟೇ ಜಾಗ್ರತೆ.

ಆದ್ರೆ ನಿಮ್ಮನೆಯವ್ರಿಗೆ ಕಷ್ಟ. ಲೈಂಗ್‌ನಲ್ಲಿ ಸಾಮಾನ್ಯ ಒಣ ಮೀನೋ ಸೀಗಡಿಯೋ ಹಂದಿಯೋ ಏನಾದ್ರೂ ಸೇರೇ ಇರ್ತದೆ. ಬಿಕೋಲ್ ಎಕ್ಸ್‌ಪ್ರೆಸ್ ಅಂತ ಫೇಮಸ್ ಅಡುಗೆ, ಅದು ಹಂದಿ ಮಾಂಸ, ಸೀಗಡಿ ಪೇಸ್ಟ್, ರಾಶಿ ಮೆಣಸು. ತರಕಾರಿ ಅಂತ ಹೇಳಿದ್ರೂ ಸೀಗಡಿ ಪೇಸ್ಟ್ ಹಾಕ್ತಾರೆ, ಅವ್ರಿಗೆ ಅದು ಉಪ್ಪಿದ್ದಂಗೆ. ಹಾಗಾಗಿ ಸುಮ್ನೆ ವೆಜ್ ಅನ್ಬೇಡಿ, ಮೀನು, ಸೀಗಡಿ, ಹಂದಿ, ಕೋಳಿ ಒಂದೊಂದೂ ಹೆಸರು ಹೇಳಿ ಬೇಡ ಅಂತ ಗೆಳತಿ ಹತ್ರ ಮೊದ್ಲೇ ಹೇಳ್ಸಿಡಿ. ಅನ್ನ, ತೆಂಗಿನ ಹಾಲಿನ ತರಕಾರಿ, ಬಾಳೆಹಣ್ಣು, ಮೊಟ್ಟೆ ತಿನ್ನೂದಾದ್ರೆ ಅದು, ಹೆಂಗೂ ನಡೀತದೆ. ಪಿಲಿ ಅಂತ ಒಂದು ಬೀಜ ಇದೆ, ಬಾದಾಮಿಗಿಂತ ಮೆದು, ಬೆಣ್ಣೆ ರುಚಿ, ಸೊರ್ಸೊಗೋನ್ ಕಡೆ ತುಂಬ ಬೆಳೀತಾರೆ, ಸಕ್ರೆ ಪಾಕ ಹಾಕಿದ್ದು ಪ್ಯಾಕೆಟ್ ಸಿಗ್ತದೆ, ಅದು ವೆಜ್ಜೇ, ಧಾರಾಳ ತಗೊಳ್ಳಿ.

ಮತ್ತೆ ಅಬಕಾ ಅಂದ್ರಲ್ಲ ಮೇಲಿನವ್ರು, ಅದ್ರ ಬಗ್ಗೆ ಒಂದು ಮಾತು. ನೋಡೋಕೆ ಬಾಳೆ ಗಿಡ, ಜಾತಿನೂ ಅದೇ, ಹಣ್ಣು ಮಾತ್ರ ತಿನ್ನೋಕಾಗಲ್ಲ, ಕಾಂಡದ ಪಟ್ಟೆಯಿಂದ ನಾರು ಎಳೀತಾರೆ. ಉಪ್ಪುನೀರಿಗೆ ಬೇಗ ಕೊಳೆಯಲ್ಲ, ಹಂಗಾಗಿ ಹಿಂದಿನ ಕಾಲದ ಹಡಗಿನ ಹಗ್ಗ ಎಲ್ಲಾ ಅದೇ, ಮನಿಲಾ ಹಗ್ಗ ಅಂತ ಕೇಳಿರ್ತೀರಿ. ಈಗ ನೈಲಾನ್ ಬಂತು, ಆದ್ರೂ ಟೀ ಬ್ಯಾಗಿನ ಕಾಗದಕ್ಕೆ, ನೋಟು ಮುದ್ರಿಸೋ ಕಾಗದಕ್ಕೆ ಬೇಕು. ಜಗತ್ತಿನ ಅಬಕಾದಲ್ಲಿ ಸುಮಾರು 85 ಪರ್ಸೆಂಟ್ ಫಿಲಿಪೀನ್ಸ್‌ದೇ, ಅದ್ರಲ್ಲೂ ಕತಾಂದ್ವಾನೆಸ್ ಮುಂಚೂಣಿ. ನಮ್ ಅಡುಗೆಯವ್ರ ಅಣ್ಣಂದು ಅಲ್ಲೇ ತೋಟ ಇತ್ತು. ಗಿಡ ನೆಟ್ಟು ಮೊದ್ಲ ಕಟಾವಿಗೆ ಒಂದೂವರೆ ಎರಡು ವರ್ಷ ಬೇಕು, ರೋಲಿ ಒಂದೇ ಬೆಳಿಗ್ಗೆಯಲ್ಲಿ ಎಲ್ಲಾ ಮಲಗಿಸ್ಬಿಡ್ತು, ಅಷ್ಟು ವರ್ಷ ಆದಾಯ ಇಲ್ದೆ ಮನೆ ನಡೆಸೂದು ಹೆಂಗೆ? ಹಡಗಿಗೆ ಬರ್ತಾರೆ, ದುಬೈಗೆ ಹೋಗ್ತಾರೆ, ನರ್ಸ್ ಆಗ್ತಾರೆ. ನಿಮ್ಮ ಗೆಳತಿ ಶಾರ್ಜಾದಲ್ಲಿರೂದಕ್ಕೂ ಆ ಗಾಳಿಗೂ ಸಂಬಂಧ ಇದ್ರೂ ಇರ್ಬಹುದು.

ಲೆಗಾಸ್ಪಿ_ಎಂಬಿಬಿಎಸ್:

ಅಯ್ಯೋ ಈ ಥ್ರೆಡ್ ನೋಡಿ ತುಂಬಾ ಖುಷಿ ಆಯ್ತು, ನಾನು ದಾವಣಗೆರೆಯವ್ಳು, ಮೆಡಿಕಲ್ ಓದಿದ್ದು ಲೆಗಾಸ್ಪಿಯಲ್ಲೇ! ಇಂಡಿಯನ್ ಸ್ಟೂಡೆಂಟ್ಸ್ ಇರ್ತಾರೆ ಅಲ್ಲಿ.

ಫೆಬ್ರವರಿ ಒಳ್ಳೇ ಟೈಮ್, ಟೈಫೂನ್ ಕಾಟ ಕಮ್ಮಿ. ಮಳೆ ಮಾತ್ರ ಇರತ್ತೆ, ಆ ಕಡೆ ನವೆಂಬರಿಂದ ಜನವರಿವರೆಗೆ ಜಾಸ್ತಿ ಸುರಿಯತ್ತೆ, ಫೆಬ್ರವರಿಗೂ ಬಾಲ ಉಳ್ದಿರತ್ತೆ, ಬೆಟ್ಟ ಮೋಡದಲ್ಲಿ ಮುಚ್ಚೋಗಿರೋದೇ ಹೆಚ್ಚು, ಬೆಳಗ್ಗೆ ಬೇಗ ಎದ್ದು ನೋಡಿ ಆಗ ಕಾಣೋ ಚಾನ್ಸ್ ಜಾಸ್ತಿ. ಮನಿಲಾದಿಂದ ದರಾಗಾದ ಹೊಸ ಏರ್‌ಪೋರ್ಟಿಗೆ ಸುಮಾರು ಒಂದು ಗಂಟೆ ಫ್ಲೈಟ್, 2021ರಲ್ಲಿ ಶುರುವಾಗಿದ್ದು. ರಾತ್ರಿ ಬಸ್ ಇದೆ ಹತ್ತು ಹನ್ನೆರಡು ಗಂಟೆ, ಬೇಡ ಬಿಡಿ.

ಟೈಮ್ ಇದ್ರೆ ದೊನ್ಸೊಲ್‌ಗೆ ಹೋಗ್ಲೇಬೇಕು, ಸೊರ್ಸೊಗೋನ್‌ನಲ್ಲಿದೆ, ತಿಮಿಂಗಿಲ ಶಾರ್ಕ್ ಬರೋ ಸೀಸನ್ ಅದು, ಊರಿನೋರು ಬುತಾಂಡಿಂಗ್ ಅಂತಾರೆ. 1998ರ ಮುಂಚೆ ಅದೊಂದು ಮೀನುಗಾರರ ಹಳ್ಳಿ ಅಷ್ಟೇ, ಈಗ ಅದೇ ಮೀನುಗಾರರು ಶಾರ್ಕ್ ತೋರ್ಸೋ ಕೆಲ್ಸ ಮಾಡ್ತಾರೆ. ಅದಕ್ಕೆ ಆಹಾರ ಹಾಕೋಹಂಗಿಲ್ಲ, ಮುಟ್ಟೋಹಂಗಿಲ್ಲ, ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಸೆಬು ಅನ್ನೋ ಬೇರೆ ದ್ವೀಪದ ಕಡೆ ಆಹಾರ ಹಾಕಿ ಕರೆಸ್ತಾರೆ, ಅಲ್ಲಿ ಗ್ಯಾರಂಟಿ ಕಾಣತ್ತೆ, ಆದ್ರೂ ನನಗೆ ದೊನ್ಸೊಲ್ ರೀತಿನೇ ಸರಿ ಅನ್ಸತ್ತೆ.

ಜನರ ಬಗ್ಗೆ ಹೇಳ್ಬೇಕಂದ್ರೆ ತುಂಬಾ ದೈವಭಕ್ತರು, ಕ್ಯಾಥೊಲಿಕ್. ಬಿಕೋಲ್‌ನಲ್ಲೇ ಇರೋ ನಾಗಾ ಸಿಟಿಯಲ್ಲಿ ಪೆನ್ಯಾಫ್ರಾನ್ಸಿಯಾ ಮಾತೆ ಹಬ್ಬ ಸೆಪ್ಟೆಂಬರ್‌ನಲ್ಲಿ, ಎಲ್ರೂ ಅವಳನ್ನ ಇನಾ ಅಂತಾನೇ ಕರೆಯೋದು, ಅಮ್ಮ ಅಂತ. ಕೊನೇ ಹೊತ್ತಿಗೆ ಮೂರ್ತಿನ ದೋಣಿ ಮೇಲೆ ನದಿಯಲ್ಲಿ ತರ್ತಾರೆ, ದಡದ ತುಂಬಾ ಮೇಣದಬತ್ತಿ, ವಿವಾ ಲಾ ವಿರ್ಜೆನ್ ಅಂತ ಕೂಗು. ಹೊರದೇಶದಲ್ಲಿರೋರೆಲ್ಲಾ ಆ ಟೈಮಿಗೆ ರಜೆ ಹಾಕ್ಕೊಂಡು ಬರ್ತಾರೆ. 1972ರಲ್ಲಿ ಮೆರವಣಿಗೆ ನೋಡೋಕೆ ನಿಂತಿದ್ದ ಜನರ ಭಾರಕ್ಕೆ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಿದ್ರು, ಹಂಗಂತ ಮುಂದಿನ ವರ್ಷಗಳಲ್ಲಿ ಜನ ಬರೋದು ನಿಲ್ಲಿಸ್ಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕ್ರಿಸ್ಟೀನ್ ಅನ್ನೋ ಚಂಡಮಾರುತ ಬಂದಾಗ ಇದೇ ನಾಗಾ ನೀರಲ್ಲಿ ಮುಳುಗಿತ್ತು, ನನ್ನ ಬ್ಯಾಚ್‌ಮೇಟ್ಸ್ ಕಳ್ಸಿದ ವಿಡಿಯೋ ನೋಡಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ.

ದೊಡ್ಡೋರು ಎದುರಿಗೆ ಬಂದ್ರೆ ಅವ್ರ ಕೈ ತಗೊಂಡು ನಿಮ್ಮ ಹಣೆಗೆ ಒತ್ಕೊಳ್ಳಿ, ನಾವು ಕಾಲಿಗೆ ಬೀಳ್ತೀವಲ್ಲ ಅದ್ರ ಜಾಗದಲ್ಲಿ ಅವ್ರದ್ದು ಇದು. ಅಜ್ಜಿ ಇದ್ರಂತೂ ಕರಗೇ ಹೋಗ್ತಾರೆ. ಥ್ಯಾಂಕ್ಸ್‌ಗೆ ದಿಯೊಸ್ ಮಾಬಲೊಸ್ ಅನ್ನಿ.

ಕುಂದಾಪ್ರದವ್ಳು_ಶಾರ್ಜಾ:

ಎಲ್ರಿಗೂ ತುಂಬಾ ತುಂಬಾ ಧನ್ಯವಾದ, ಇಷ್ಟು ಸಿಗತ್ತೆ ಅಂದ್ಕೊಂಡಿರ್ಲಿಲ್ಲ. ಡೆಕ್ ಅಣ್ಣ, ಇವತ್ತು ಮಧ್ಯಾಹ್ನ ಊಟದ ಟೈಮಲ್ಲಿ ಕೇಳಿದೆ, ಅವ್ರ ಅಪ್ಪನೂ ಅಬಕಾ ಬೆಳೀತಿದ್ರಂತೆ, 2006ರ ಟೈಫೂನ್ ಆದ್ಮೇಲೆ ಬಿಟ್ಬಿಟ್ರಂತೆ, ಆಮೇಲೆ ಸಾಲ ಮಾಡಿ ಇವ್ರನ್ನ ನರ್ಸಿಂಗ್‌ಗೆ ಸೇರ್ಸಿದ್ದು. ಇಷ್ಟು ವರ್ಷ ಪಕ್ಕದಲ್ಲೇ ಕೂತು ಕೆಲ್ಸ ಮಾಡಿದ್ರೂ ಗೊತ್ತಿರ್ಲಿಲ್ಲ. ಲೈಂಗ್ ಮೀನಿಲ್ದೆ ಬೇರೆ ಪಾತ್ರೆಯಲ್ಲಿ ಮಾಡಿಸ್ತೀನಿ ಅಂದಿದಾರೆ.

ಕೊನೇ ಪ್ರಶ್ನೆ, ಅವ್ರ ಮನೆಯಲ್ಲೇ ಉಳ್ಕೊಳ್ಳೋದಾ ಇಲ್ಲಾ ಲೆಗಾಸ್ಪಿಯಲ್ಲಿ ರೂಮ್ ಮಾಡೋದಾ? ಮತ್ತೆ ವೀಸಾ?

ಕಲ್ಲುಮಣ್ಣು:

ಮನೆ ತುದಿಯಿಂದ ಎಷ್ಟು ದೂರ, ಪಕ್ಕದಲ್ಲಿ ಬೆಟ್ಟದಿಂದ ಇಳಿಯೋ ಹಳ್ಳ ಇದ್ಯಾ ಅಂತ ಕೇಳಿ. 6 ಕಿಮೀ ಆಚೆ ಇದ್ದು, ಎಚ್ಚರಿಕೆ ಮಟ್ಟ ಕಮ್ಮಿ ಇದ್ರೆ ಆರಾಮಾಗಿ ಅವ್ರ ಮನೆಯಲ್ಲೇ ಇರಿ. ಫಿವೋಲ್ಕ್ಸ್ ಅಂತ ಅಲ್ಲಿನ ಸರ್ಕಾರಿ ಸಂಸ್ಥೆ, ಮಾಯೋನ್ ಬಗ್ಗೆ ದಿನಾ ಬುಲೆಟಿನ್ ಹಾಕತ್ತೆ, ಮಟ್ಟ 0ಯಿಂದ 5ರವರೆಗೆ. ಹೊರಡೋ ವಾರ ಅದನ್ನ ನೋಡಿ, 3 ಅಥವಾ ಮೇಲಿದ್ರೆ ಉಳ್ಕೊಳ್ಳೋ ಜಾಗದ ಬಗ್ಗೆ ಅವ್ರ ಮನೆಯವ್ರನ್ನೇ ಕೇಳಿ ನಿರ್ಧಾರ ಮಾಡಿ. ಬೆಟ್ಟದ ಮೇಲೆ ಜೋರು ಮಳೆ ಇದ್ದಾಗ ಹಳ್ಳದ ಹತ್ರ ಮಾತ್ರ ಹೋಗ್ಬೇಡಿ, ನೀವಿರೋ ಕಡೆ ಬಿಸಿಲಿದ್ರೂ ಸರಿ.

ಲೆಗಾಸ್ಪಿ_ಎಂಬಿಬಿಎಸ್:

ಇಂಡಿಯನ್ ಪಾಸ್‌ಪೋರ್ಟಿಗೆ 2025ರ ಜೂನ್‌ನಿಂದ ಟೂರಿಸ್ಟ್ ಆಗಿ 14 ದಿನ ವೀಸಾ ಬೇಡ, ರಿಟರ್ನ್ ಟಿಕೆಟ್, ಉಳ್ಕೊಳ್ಳೋ ವಿಳಾಸ ಎಲ್ಲಾ ಕೇಳ್ತಾರೆ, ಟಿಕೆಟ್ ಮಾಡೋ ಮುಂಚೆ ಎಂಬೆಸಿ ಸೈಟ್ ಒಂದ್ಸಲ ನೋಡ್ಬಿಡಿ. ಮತ್ತೆ ಅವ್ರ ಮನೆಗೆ ಅಂತ ಏನಾದ್ರೂ ಸಿಹಿ ತಗೊಂಡ್ಹೋಗಿ, ಹೊರದೇಶದಿಂದ ಬಂದೋರು ಬರಿಗೈಯಲ್ಲಿ ಬರಲ್ಲ ಅಲ್ಲಿ, ಖರ್ಜೂರ ಸಾಕು.