ಅತ್ತೆಯನ್ನು ನೋಡಿಕೊಳ್ಳುವುದು ನನ್ನೊಬ್ಬಳ ಕೆಲಸವೇ ಆಗಿಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ (ನಾಪೋಕ್ಲು ಕಡೆಯವರು, ಹೆಸರು ಬೇಡ ಎಂದಿದ್ದಾರೆ):

ಮೇಡಂ, ನಮಸ್ಕಾರ. ನಮ್ಮ ಅತ್ತೆಗೆ 78 ವರ್ಷ. ಮರೆವಿನ ಕಾಯಿಲೆ, ಡಿಮೆನ್ಷಿಯಾ ಎಂದು ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಡಾಕ್ಟರು ಹೇಳಿದರು. ನಾಲ್ಕು ತಿಂಗಳಿಂದ ಅವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಚಿಲಕ ತೆಗೆಯುತ್ತಾರೆ. "ಮಳೆ ಬಂತು, ಕಣದಲ್ಲಿ ಕಾಫಿ ನೆನೀತಿದೆ" ಎನ್ನುತ್ತಾರೆ. ಮಳೆ ಇಲ್ಲ ಅವ್ವ ಎಂದರೆ ಅಳುತ್ತಾರೆ, ನನ್ನನ್ನು ದೂಡುತ್ತಾರೆ.

ಈಗ ಕೊಯ್ಲಿನ ಸಮಯ. ಯಜಮಾನರು ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಮೈದುನ ಬೆಂಗಳೂರಿನಲ್ಲಿ, ನಾದಿನಿ ಕುಶಾಲನಗರದಲ್ಲಿ. ಇಬ್ಬರೂ "ಏನಾದ್ರೂ ಬೇಕಿದ್ರೆ ಹೇಳಿ ಅತ್ತಿಗೆ" ಎನ್ನುತ್ತಾರೆ. ನಾದಿನಿ ಬಂದಾಗಲೆಲ್ಲ "ಅವ್ವ ಸೊರಗಿದ್ದಾರೆ" ಎಂದು ಹೇಳಿಯೇ ಹೋಗುವುದು.

ಕಳೆದ ವಾರ ಅತ್ತೆಯ ಮೇಲೆ ಕೂಗಾಡಿಬಿಟ್ಟೆ. ಕೈ ಹಿಡಿದು ಎಳೆದು ಕೂರಿಸಿದೆ. ಮಣಿಕಟ್ಟು ಕೆಂಪಾಯಿತು. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಈಗ ತಿಂಗಳಿಗೊಬ್ಬರ ಮನೆಯಂತೆ ಸರದಿಯಲ್ಲಿ ಇಟ್ಟುಕೊಳ್ಳೋಣ ಎಂಬ ಮಾತು ಬಂದಿದೆ. ಅದು ಸರಿಯಾ?

ಉತ್ತರ (ಆಪ್ತಸಮಾಲೋಚಕಿ):

ಕೈ ಎಳೆದದ್ದನ್ನು ಮುಚ್ಚಿಡದೆ ಬರೆದಿದ್ದೀರಿ. ಇದನ್ನು ಹೇಳಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನೀವು ಕೆಟ್ಟವರಲ್ಲ, ನಾಲ್ಕು ತಿಂಗಳಿಂದ ನಿದ್ದೆಗೆಟ್ಟವರು. ಆದರೆ ಇದು ಮತ್ತೆ ಆಗಬಾರದು, ಅಲ್ವಾ? ಹಾಗಾಗಿ ಮೊದಲು ನಿಮ್ಮ ನಿದ್ದೆಯ ವಿಷಯ.

ವಾರದಲ್ಲಿ ಎರಡು ರಾತ್ರಿಯಾದರೂ ಯಜಮಾನರು ಅವರ ತಾಯಿಯ ಕೋಣೆಯಲ್ಲಿ ಮಲಗಲಿ. ಕೊಯ್ಲು ಇದ್ದರೂ ಸರಿ. ಆ ರಾತ್ರಿ ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಸದ್ದು ಕೇಳಿದರೂ ಏಳಬೇಡಿ. ಸಿಟ್ಟು ಕೈಗೆ ಬರುತ್ತಿದೆ ಅನಿಸಿದರೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ನೀವು ಎರಡು ನಿಮಿಷ ಹೊರಗೆ ಬನ್ನಿ. ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಬೇಡ.

ಇನ್ನು ಆ ಕಾಫಿ. ನಿಮ್ಮ ಅತ್ತೆ ಎಷ್ಟು ವರ್ಷ ಕಣ ಕಾದವರೋ! ಹೊರಗೆ ಮಳೆ ಇಲ್ಲದಿರಬಹುದು, ಅವರ ಹೆದರಿಕೆ ಮಾತ್ರ ನಿಜ. ಬೆಳೆ ಹಾಳಾಗುತ್ತಿದೆ ಎಂದು ಎದ್ದವರಿಗೆ "ಮಳೆ ಇಲ್ಲ" ಎಂದರೆ, ನೀವೂ ನಂಬುತ್ತಿಲ್ಲ ಎಂದೇ ಅವರಿಗೆ ಕೇಳಿಸುತ್ತದೆ. "ಟಾರ್ಪಾಲ್ ಮುಚ್ಚಿಯಾಯ್ತು ಅವ್ವ" ಎಂದು ಹೇಳಿ ನೋಡಿ. ಕೈ ಹಿಡಿದುಕೊಂಡು, ನಿಧಾನವಾಗಿ. ಇದು ಸುಳ್ಳಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಈ ಕಾಯಿಲೆಯಲ್ಲಿ ವಾದ ಮಾಡಿ ಗೆಲ್ಲುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂದು ನಾನು ನಂಬಿದ್ದೇನೆ.

ಮಧ್ಯಾಹ್ನದ ಮೇಲೆ ಬೆಲ್ಲದ ಕಾಫಿ ಕೊಡುತ್ತಿದ್ದರೆ ನಿಲ್ಲಿಸಿ. ಹಗಲು ಜಾಸ್ತಿ ಮಲಗಲು ಬಿಡಬೇಡಿ, ಅಂಗಳದಲ್ಲಿ ನಡೆಸಿ. ಕತ್ತಲಾಗುವ ಮೊದಲೇ ದೀಪ ಹಾಕಿ. ಬಾಗಿಲಿಗೆ ಒಂದು ಸಣ್ಣ ಗಂಟೆ ಕಟ್ಟಿ, ತೆರೆದ ಕೂಡಲೇ ಗೊತ್ತಾಗುತ್ತದೆ. ರಾತ್ರಿ ಏಳುವುದಕ್ಕೆ ನೋವು, ಮಲಬದ್ಧತೆ, ಮೂತ್ರದ ತೊಂದರೆಯೂ ಕಾರಣ ಇರಬಹುದು. ಡಾಕ್ಟರಿಗೆ ತೋರಿಸಿ. ಒಂದೆರಡು ದಿನದಲ್ಲೇ ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾದರೆ ತಡ ಮಾಡಬೇಡಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಹಾಗೇ ಕಾಣಿಸಿಕೊಳ್ಳುವುದುಂಟು. ನಿದ್ದೆ ಮಾತ್ರೆಯನ್ನು ನೀವಾಗಿ ಕೊಡಬೇಡಿ, ಬೀಳುತ್ತಾರೆ.

ತಿಂಗಳ ಸರದಿ ನನಗೆ ಸರಿ ಕಾಣುವುದಿಲ್ಲ. ನೆನಪು ಚೆನ್ನಾಗಿರುವವರಿಗೆ ಅದು ಆದೀತು. ನಿಮ್ಮ ಅತ್ತೆಗೆ ಬಚ್ಚಲು ಎಲ್ಲಿ, ಹಾಸಿಗೆ ಎಲ್ಲಿ ಎಂಬುದು ಈಗ ಕಾಲಿನ ಅಭ್ಯಾಸದಿಂದ ನಡೆಯುತ್ತಿದೆ. ಬೆಂಗಳೂರಿನ ಫ್ಲಾಟಿನಲ್ಲಿ ಅದೂ ಹೋಗುತ್ತದೆ. ಅವರು ಇದ್ದಲ್ಲೇ ಇರಲಿ, ಸರದಿಯಲ್ಲಿ ಮಕ್ಕಳು ಅಲ್ಲಿಗೆ ಬರಲಿ.

ಆದರೆ "ಬೇಕಿದ್ರೆ ಹೇಳಿ" ಎನ್ನುವ ಮಾತಿನಲ್ಲಿ ಕೆಲಸ ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಏನು ಬೇಕು ಎಂದು ನೆನಪಿಡಬೇಕಾದವರು ನೀವು, ಕೇಳಬೇಕಾದವರೂ ನೀವು. ಒಂದು ವಾರ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆಯಿರಿ. ಸ್ನಾನ, ಮಾತ್ರೆ, ಉಗುರು ಕತ್ತರಿಸುವುದು, ಒದ್ದೆ ಬಟ್ಟೆ ಒಗೆಯುವುದು, ರಾತ್ರಿ ಎಷ್ಟು ಸಲ ಎದ್ದಿರಿ, ಎಲ್ಲ. ಭಾನುವಾರ ಮೂವರು ಮಕ್ಕಳನ್ನೂ ಫೋನಿನಲ್ಲಿ ಕೂರಿಸಿ ಓದಿ. ದೂರು ಬೇಡ, ಸುಮ್ನೆ ಓದಿ.

ಆಮೇಲೆ ಇಡೀ ಕೆಲಸವನ್ನೇ ಹೆಸರು ಹಾಕಿ ಕೊಡಿ. ಮಾತ್ರೆ ಮೈದುನನದು ಎಂದರೆ ಎಷ್ಟು ಉಳಿದಿದೆ ಎಂದು ಲೆಕ್ಕ ಇಡುವುದು, ಮುಗಿಯುವ ಮೊದಲು ತರಿಸಿಕೊಡುವುದು, ಡಾಕ್ಟರ ಅಪಾಯಿಂಟ್‌ಮೆಂಟ್, ಮೈಸೂರಿಗೆ ಕಾರು, ಖರ್ಚು ಎಲ್ಲ ಅವರದೇ. ಇದಕ್ಕೆ ಊರಿನಲ್ಲಿ ಇರಬೇಕಾಗಿಲ್ಲ. ಹಗಲಿಗೆ ಒಬ್ಬರನ್ನು ಸಹಾಯಕ್ಕೆ ಇಟ್ಟರೆ ಅವರ ಸಂಬಳವನ್ನು ಮೂವರೂ ಹಂಚಿಕೊಳ್ಳಲಿ. ನಾದಿನಿ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಬಂದು ಭಾನುವಾರ ಹೋಗಲಿ. ಆ ಎರಡು ದಿನ ನೀವು ತವರಿಗೆ ಹೋಗಿ. ನೀವು ಮನೆಯಲ್ಲೇ ಇದ್ದರೆ ಅತ್ತೆ ನಿಮ್ಮನ್ನೇ ಕರೆಯುತ್ತಾರೆ, ನೀವೂ ಓಡುತ್ತೀರಿ.

ಒಂದು ಮಾತು ತಿಳಿದಿರಲಿ. ಹಿರಿಯರ ಪಾಲನೆ ಬಗ್ಗೆ 2007ರ ಕಾಯ್ದೆ ಇದೆ. ಅದರಲ್ಲಿ ಮಕ್ಕಳು ಎಂದರೆ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳು. ಸೊಸೆಯ ಹೆಸರು ಅಲ್ಲಿ ಇಲ್ಲ. ಜಗಳಕ್ಕೆ ಹೇಳುತ್ತಿಲ್ಲ. ನೀವು ಪ್ರೀತಿಯಿಂದ ಮಾಡುತ್ತಿರುವುದನ್ನು ಉಳಿದವರು ನಿಮ್ಮ ಕರ್ತವ್ಯ ಎಂದುಕೊಂಡು ಕೈತೊಳೆದುಕೊಳ್ಳಬಾರದು.

ಇನ್ನೊಬ್ಬರು (ಗೋಣಿಕೊಪ್ಪ): ಮೇಡಂ, ನಾನು ಆ ನಾದಿನಿಯ ಜಾಗದಲ್ಲಿ ಇರುವವಳು. ಹೋದರೆ ಅತ್ತಿಗೆ ಏನೂ ಮುಟ್ಟಲು ಬಿಡುವುದಿಲ್ಲ. ಸ್ನಾನ ಮಾಡಿಸಿದರೆ ನೀರು ಬಿಸಿ ಜಾಸ್ತಿ, ಗಂಜಿ ಕೊಟ್ಟರೆ ತೆಳು ಜಾಸ್ತಿ. ಕೊನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಉತ್ತರ: ಇದನ್ನು ಹೇಳಿದ್ದು ಒಳ್ಳೆಯದಾಯಿತು. ಮಾತ್ರೆಯ ಹೊತ್ತು, ಬಾಗಿಲಿನ ಚಿಲಕ, ಬೀಳದಂತೆ ನೋಡುವುದು, ಗಂಟಲಿಗೆ ಸಿಕ್ಕದಂತೆ ಊಟ ಮಾಡಿಸುವುದು, ಇವನ್ನು ಅತ್ತಿಗೆ ಹೇಳಿದಂತೆಯೇ ಮಾಡಿ. ನುಂಗಲು ತೊಂದರೆ ಇಲ್ಲದಿದ್ದರೆ ಗಂಜಿ ತೆಳುವಾದರೆ ಏನೂ ಆಗುವುದಿಲ್ಲ. ಈ ಸಲ ಹೋಗುವ ಮೊದಲು ಫೋನ್ ಮಾಡಿ, "ಈ ಎರಡು ದಿನ ನನ್ನದು, ನೀವು ಮನೆಯಿಂದ ಹೊರಡಿ" ಎಂದು ಹೇಳಿ. ಅವರು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುವುದು ಏನಾದರೂ ಆದರೆ ತನ್ನ ತಲೆಗೇ ಬರುತ್ತದೆ ಎಂಬ ಹೆದರಿಕೆಯಿಂದಲೂ ಇರಬಹುದು.

ಮತ್ತೊಬ್ಬರು (ಸೋಮವಾರಪೇಟೆ): ಅಪ್ಪ ಹಾಸಿಗೆ ಹಿಡಿದಿದ್ದಾರೆ. ನಾನೊಬ್ಬನೇ ಮಗ, ಹಂಚಿಕೊಳ್ಳಲು ಯಾರೂ ಇಲ್ಲ.

ಉತ್ತರ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಬ್ಬರೇ ಎತ್ತಬೇಡಿ, ನಿಮ್ಮ ಸೊಂಟ ಹೋಗುತ್ತದೆ. ಮಡಚಿದ ಬೆಡ್‌ಶೀಟನ್ನು ಅವರ ಕೆಳಗೆ ಹಾಸಿ, ಅದನ್ನು ಹಿಡಿದು ಹೊರಳಿಸಿ. ಸರಿಯಾದ ರೀತಿಯನ್ನು ಒಮ್ಮೆ ನರ್ಸ್ ಹತ್ತಿರ ಮಾಡಿಸಿ ನೋಡಿಕೊಳ್ಳಿ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರುತ್ತದೆ. ನಿಮ್ಮ ಜೊತೆ ಮೆಸೇಜಿನಲ್ಲಿ ಬೇರೆಯಾಗಿ ಮಾತಾಡುತ್ತೇನೆ.

ಪ್ರಶ್ನೆ ಕೇಳಿದವರು (ಆರು ದಿನದ ನಂತರ): ಮೇಡಂ, ನಿನ್ನೆ ರಾತ್ರಿ ಯಜಮಾನರು ಮಲಗಿದರು. ಎರಡು ಗಂಟೆಗೆ ಅತ್ತೆ ಎದ್ದರಂತೆ. ಇವರು "ಟಾರ್ಪಾಲ್ ಮುಚ್ಚಿಯಾಯ್ತು ಅವ್ವ" ಎಂದರಂತೆ. "ಮೂಲೆಗೆ ಕಲ್ಲು ಇಟ್ಟೆಯಾ?" ಎಂದು ಕೇಳಿದರಂತೆ. ಇಟ್ಟೆ ಎಂದ ಮೇಲೆ ಮಲಗಿದರಂತೆ. ನನಗೆ ಇದೆಲ್ಲ ಗೊತ್ತಾದದ್ದು ಬೆಳಿಗ್ಗೆ ಏಳು ಗಂಟೆಗೆ. ನಾದಿನಿ ಮುಂದಿನ ಶುಕ್ರವಾರ ಬರುತ್ತೇನೆ ಎಂದಿದ್ದಾರೆ. ಮೈದುನನ ಹತ್ತಿರ ಇನ್ನೂ ಮಾತಾಡಿಲ್ಲ, ನೋಟ್‌ಬುಕ್ ಬರೆಯುತ್ತಿದ್ದೇನೆ.