ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ 1971ರ ಮೆಡಲ್‌ಗಳೇ ಇಲ್ಲ, ಈಗ ಸೇರಿಸಲು ಆಗುತ್ತಾ?

ಪ್ರಶ್ನೆ (ಹಾಸನ ಜಿಲ್ಲೆಯಿಂದ):

ಸರ್, ನಮಸ್ಕಾರ. ನಮ್ಮ ಅಪ್ಪನಿಗೆ ಈಗ 85. 1958ರಲ್ಲಿ ಸೇನೆಗೆ ಸೇರಿದವರು, 1973ರ ಫೆಬ್ರವರಿಯಲ್ಲಿ ನಾಯಕ್ ಆಗಿ ಪಿಂಚಣಿ ತಗೊಂಡು ಊರಿಗೆ ಬಂದರು. 1971ರ ಯುದ್ಧದಲ್ಲಿ ಅಗರ್ತಲಾ ಕಡೆ ಇದ್ದರು. ಮರು ವರ್ಷ ಮಾರ್ಚ್‌ನಲ್ಲಿ ಅವರೊಬ್ಬರನ್ನೇ ದಕ್ಷಿಣದ ಟ್ರೈನಿಂಗ್ ಸೆಂಟರಿಗೆ ಪೋಸ್ಟಿಂಗ್ ಮಾಡಿದರಂತೆ.

ಪ್ರತಿ ಜನವರಿ 26ಕ್ಕೆ ನಮ್ಮೂರ ಹೈಸ್ಕೂಲಿನಲ್ಲಿ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸುತ್ತಾರೆ. ಅಪ್ಪನ ಜೊತೆ ಒಂದೇ ಕಂಪನಿಯಲ್ಲಿದ್ದ ಪಕ್ಕದೂರಿನ ಹವಾಲ್ದಾರರ ಎದೆ ಮೇಲೆ ಐದು ಮೆಡಲ್. ಅಪ್ಪನದು ಎರಡೇ: ರಕ್ಷಾ ಮೆಡಲ್ 1965, ಮತ್ತೆ ಜಮ್ಮು ಕಾಶ್ಮೀರದ ಸೈನ್ಯ ಸೇವಾ ಮೆಡಲ್. ಡಿಸ್ಚಾರ್ಜ್ ಬುಕ್ಕಿನಲ್ಲೂ ಅವೆರಡೇ ಬರೆದಿವೆ. ಅಪ್ಪ ಇಷ್ಟು ವರ್ಷ ಏನೂ ಅಂದಿರಲಿಲ್ಲ. ಈ ಸಲ ಮೊಮ್ಮಗಳು ಕೇಳಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡರು.

ರೆಕಾರ್ಡ್ ಆಫೀಸಿಗೆ ನಾನೇ ಎರಡು ಪುಟದ ಪತ್ರ ಬರೆದೆ. "ದಾಖಲೆಯಲ್ಲಿ ಸಂಬಂಧಪಟ್ಟ ನಮೂದು ಇಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು. ಇಲ್ಲಿಗೆ ಮುಗಿಯಿತಾ? ಸ್ಪರ್ಶ್ ಪೋರ್ಟಲ್‌ನಲ್ಲಿ ದೂರು ಹಾಕಿದರೆ ಆಗುತ್ತಾ? ವಕೀಲರನ್ನು ಹಿಡಿಯಬೇಕಾ?

ಉತ್ತರ (ನಿವೃತ್ತ ಸುಬೇದಾರ್, ಕ್ಲರ್ಕ್):

ಮುಗಿದಿಲ್ಲ. ಆ ಒಂದು ಸಾಲನ್ನು ಇನ್ನೊಮ್ಮೆ ಓದಿ. "ನಮೂದು ಇಲ್ಲ" ಅಂದಿದ್ದಾರೆ, "ಅರ್ಹತೆ ಇಲ್ಲ" ಅಂದಿಲ್ಲ. ಇವೆರಡಕ್ಕೂ ಅಜಗಜಾಂತರ. ನಾನು 26 ವರ್ಷ ಸೇನೆಯಲ್ಲಿ ಕ್ಲರ್ಕ್ ಆಗಿದ್ದೆ, ಕೊನೆಯ ಆರು ವರ್ಷ ಇಂಥ ಪತ್ರಗಳನ್ನೇ ಟೈಪ್ ಮಾಡಿದ್ದೇನೆ. ಪುಟ ತೆಗೆದು ನೋಡಿದೆವು, ಬರೆದಿರಲಿಲ್ಲ. ಅದರ ಅರ್ಥ ಅಷ್ಟೇ.

ಯಾಕೆ ಬರೆದಿರಲ್ಲ ಅಂತ ಮೊದಲು ಹೇಳುತ್ತೇನೆ. ಯುದ್ಧ ಮುಗಿದ ದಿನವೇ ಮೆಡಲ್ ಹುಟ್ಟುವುದಿಲ್ಲ. 1965ರ ಯುದ್ಧದ ಮೆಡಲ್‌ಗಳನ್ನು ಸರ್ಕಾರ ಘೋಷಿಸಿದ್ದು 1967ರಲ್ಲಿ. 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಬಂದಿದ್ದು 1973ರಲ್ಲಿ. ಆಮೇಲೆ ಪ್ರತಿ ಯೂನಿಟ್ಟೂ ಯಾರ್‍ಯಾರು ಅರ್ಹರು ಅಂತ ಪಟ್ಟಿ ಮಾಡಬೇಕು, ಪಾರ್ಟ್ ಟು ಆರ್ಡರ್ (ಸೈನಿಕನ ಪೋಸ್ಟಿಂಗ್, ರಜೆ, ಮೆಡಲ್ ದಾಖಲಿಸುವ ಆದೇಶ) ಹೊರಡಿಸಬೇಕು. ಅದನ್ನು ನೋಡಿ ರೆಕಾರ್ಡ್ ಆಫೀಸಿನವರು ಸೈನಿಕನ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ಬರೆದುಕೊಳ್ಳುತ್ತಾರೆ. ಡಿಸ್ಚಾರ್ಜ್ ಬುಕ್ ಅದರ ನಕಲು ಮಾತ್ರ. ಪಾರ್ಟ್ ಟು ಆರ್ಡರ್ ಹೊರಡದಿದ್ದರೆ ಮುಂದಿನ ಯಾವ ಕಾಗದದಲ್ಲೂ ಹೆಸರು ಬರಲ್ಲ.

ನಿಮ್ಮ ಅಪ್ಪನ ತಾರೀಕು ನೋಡಿ. ಮಾರ್ಚ್ 1972ರಲ್ಲಿ ಹಳೆ ಯೂನಿಟ್ ಬಿಟ್ಟರು, ಫೆಬ್ರವರಿ 1973ರಲ್ಲಿ ಮನೆಗೆ ಬಂದರು. ಪಟ್ಟಿ ಮಾಡುವ ಹೊತ್ತಿಗೆ ಹಳೆ ಯೂನಿಟ್ಟಿನವರು "ಅವನು ಸೆಂಟರ್‌ನಲ್ಲಿದ್ದಾನೆ, ಅವರು ನೋಡಿಕೊಳ್ಳುತ್ತಾರೆ" ಅಂದುಕೊಂಡಿರುತ್ತಾರೆ. ಸೆಂಟರಿನವರಿಗೆ ಇವರು ಅಗರ್ತಲಾದಲ್ಲಿದ್ದರು ಅನ್ನುವುದೇ ಗೊತ್ತಿರಲ್ಲ. ಇಬ್ಬರ ನಡುವೆ ಹೆಸರು ಜಾರಿದೆ. ಹವಾಲ್ದಾರರು ಯೂನಿಟ್‌ನಲ್ಲೇ ಉಳಿದಿರಬೇಕು, ಅದಕ್ಕೇ ಅವರದು ಬಂದಿದೆ. ಯಾರೋ ದ್ವೇಷದಿಂದ ಮಾಡಿದ್ದಲ್ಲ ಅಂತ ಅಪ್ಪನಿಗೆ ಹೇಳಿ. ತುಂಬಾ ಜನ ವಯಸ್ಸಾದವರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊರಗುತ್ತಿರುತ್ತಾರೆ.

ಈಗ ಏನು ಕೇಳಬೇಕು? ನಿಮ್ಮ ಎರಡು ಪುಟದ ಪತ್ರದಲ್ಲಿ ಏನಿರಬಹುದು ಅಂತ ಊಹಿಸಬಲ್ಲೆ. ದೇಶಸೇವೆ, ಗುಂಡಿನ ಸದ್ದು, ಅಪ್ಪನ ಕಣ್ಣೀರು, ಕೊನೆಗೆ "ದಯವಿಟ್ಟು ಬಾಕಿ ಮೆಡಲ್ ಎಲ್ಲಾ ಕೊಡಿ". ಬೇಜಾರಾಗಬೇಡಿ, ಆದರೆ ಅಂಥ ಪತ್ರಕ್ಕೆ ಒಂದು ಸಾಲಿನ ಉತ್ತರವೇ ಬರುವುದು. ಮೆಡಲಿನ ಹೆಸರು, ತಾರೀಕು, ಆಗ ಇದ್ದ ಜಾಗ, ಈ ಮೂರನ್ನು ಹಿಡಿದು ಕೇಳಬೇಕು.

ಮೊದಲು ಸುಲಭದ್ದು. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಅಂತ ಒಂದಿದೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲಾ ಅದು ಸಲ್ಲುತ್ತದೆ. ಯುದ್ಧಕ್ಕೆ ಹೋಗಿರಬೇಕಿಲ್ಲ, ಎಲ್ಲಿದ್ದರು ಅನ್ನುವ ಪ್ರಶ್ನೆಯೇ ಇಲ್ಲ. ಅಪ್ಪನ ಡಿಸ್ಚಾರ್ಜ್ ತಾರೀಕು ಫೆಬ್ರವರಿ 1973. ಅವರದೇ ಪುಸ್ತಕ ಅವರಿಗೆ ಸಾಕ್ಷಿ. ಎರಡನೆಯದು ಸಂಗ್ರಾಮ್ ಮೆಡಲ್. 3 ಡಿಸೆಂಬರ್ 1971ರಿಂದ 20 ಡಿಸೆಂಬರ್ 1972ರ ನಡುವೆ ಗೊತ್ತುಪಡಿಸಿದ ಗಡಿ ರಾಜ್ಯಗಳಲ್ಲಿ ಸೇವೆ ಮಾಡಿದವರಿಗೆ. ಅಗರ್ತಲಾ ಇರುವ ತ್ರಿಪುರಾ ಆ ಪಟ್ಟಿಯಲ್ಲಿದೆ. ಮೂರನೆಯದು ಪೂರ್ವಿ ಸ್ಟಾರ್, ಪೂರ್ವ ರಂಗದ ಕಾರ್ಯಾಚರಣೆಯಲ್ಲಿ ಇದ್ದವರಿಗೆ. ಇದಕ್ಕೆ ಮಾತ್ರ ಅವರು ಆಗ ನಿಜವಾಗಿ ಅಲ್ಲಿದ್ದರು ಅಂತ ಗಟ್ಟಿಯಾಗಿ ತೋರಿಸಬೇಕಾಗುತ್ತದೆ. ಯೂನಿಟ್ ಅಲ್ಲಿದ್ದರೂ ಅಪ್ಪ ಆ ದಿನಗಳಲ್ಲಿ ರಜೆಯಲ್ಲೋ ಕೋರ್ಸ್‌ನಲ್ಲೋ ಇದ್ದಿದ್ದರೆ ಕಥೆ ಬೇರೆ. ಸುಮ್ನೆ ಅಪ್ಪನನ್ನು ಕೂರಿಸಿಕೊಂಡು ಕೇಳಿ.

ಪತ್ರ ಬರೆಯುವ ಮೊದಲು ಶೀಟ್ ರೋಲ್ ತರಿಸಿಕೊಳ್ಳಿ. ಆರ್‌ಟಿಐ ಅರ್ಜಿ, 10 ರೂಪಾಯಿ ಶುಲ್ಕ, ನಕಲಿಗೆ ಪುಟಕ್ಕೆ 2 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಅಪ್ಪನ ಹೆಸರಿನಲ್ಲೇ, ಅಪ್ಪನ ಸಹಿಯಲ್ಲೇ ಇರಲಿ. ನೀವು ಕೇಳಿದರೆ ಬೇರೆಯವರ ವೈಯಕ್ತಿಕ ಮಾಹಿತಿ ಅಂತ ವಾಪಸ್ ಮಾಡಬಹುದು. ಎರಡೇ ವಿಷಯ ಕೇಳಿ: ಶೀಟ್ ರೋಲ್‌ನ ದೃಢೀಕೃತ ಪ್ರತಿ, ಮತ್ತು 1971ರ ನವೆಂಬರ್‌ನಿಂದ 1973ರ ಫೆಬ್ರವರಿವರೆಗೆ ಪೋಸ್ಟಿಂಗ್, ರಜೆ, ಮೆಡಲ್ ಬಗ್ಗೆ ಹೊರಟ ಪಾರ್ಟ್ ಟು ಆರ್ಡರ್‌ಗಳ ವಿವರ. ಆರ್‌ಟಿಐನಿಂದ ಮಾಹಿತಿ ಸಿಗುತ್ತದೆ ಅಷ್ಟೇ, ದಾಖಲೆ ತಿದ್ದುವುದಿಲ್ಲ. ತಿದ್ದುಪಡಿಗೆ ಬೇರೆ ಅರ್ಜಿ ಹಾಕಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ.

ಸ್ಪರ್ಶ್ ಪಿಂಚಣಿಯ ವ್ಯವಸ್ಥೆ. ಮೆಡಲಿಗೂ ಅದಕ್ಕೂ ಸಂಬಂಧವಿಲ್ಲ.

ಹವಾಲ್ದಾರರನ್ನು ಮಾತ್ರ ಬಿಡಬೇಡಿ, ಅವರೇ ನಿಮ್ಮ ದೊಡ್ಡ ಆಸ್ತಿ. ಅವರ ಡಿಸ್ಚಾರ್ಜ್ ಬುಕ್ಕಿನ ಮೆಡಲ್ ಪುಟ ಮತ್ತು ಯೂನಿಟ್ ಪುಟ ಜೆರಾಕ್ಸ್ ಕೇಳಿ. "ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದೆವು" ಅಂತ ಒಂದು ಅಫಿಡವಿಟ್ ಮಾಡಿಸಿ. ಅದರಿಂದಲೇ ಮೆಡಲ್ ಸಿಗುತ್ತದೆ ಅಂತಲ್ಲ. ಆದರೆ ಮೇಜಿನ ಆ ಕಡೆ ಕೂತ ಕ್ಲರ್ಕಿಗೆ ಯಾವ ಯೂನಿಟ್ಟಿನ ಯಾವ ಪಟ್ಟಿ ತೆಗೆದು ನೋಡಬೇಕು ಅಂತ ದಾರಿ ಗೊತ್ತಾಗುತ್ತದೆ. ನಾನು ಆ ಕಡೆ ಕೂತವನು, ಅದಕ್ಕೇ ಹೇಳುತ್ತಿದ್ದೇನೆ.

ಅರ್ಜಿಯ ಪ್ರತಿಯನ್ನು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕವೂ ಕಳಿಸಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಮೊದಲೇ ಅಂಚೆಗೆ ಹಾಕಬೇಡಿ. ತಿದ್ದುಪಡಿ ಮಂಜೂರಾಗಿ ಅವರು ಕೇಳಿದಾಗ, ಎಲ್ಲಾ ಪುಟ ಜೆರಾಕ್ಸ್ ಮಾಡಿಟ್ಟುಕೊಂಡು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ದೇವರಾಣೆಗೂ ನೀವೇ ಪೆನ್ನು ಹಿಡಿದು ಅದರಲ್ಲಿ ಬರೆಯಬೇಡಿ. ಒಬ್ಬರು ಮಗನ ಕೈಲಿ ಚೆಂದದ ಅಕ್ಷರದಲ್ಲಿ ಸಂಗ್ರಾಮ್ ಮೆಡಲ್ ಅಂತ ಬರೆಸಿ ತಂದಿದ್ದರು. ನಿಜವಾಗಿ ಅರ್ಹರೇ ಆಗಿದ್ದರು ಪಾಪ. ಆ ಒಂದು ಸಾಲಿನಿಂದ ಪುಸ್ತಕವೇ ಅನುಮಾನಕ್ಕೆ ಬಿತ್ತು.

ವಕೀಲರು ಈಗ ಬೇಡ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅಂತ 2007ರ ಕಾಯ್ದೆಯಡಿ ಇದೆ. ಆದರೆ ಇಲಾಖೆಯೊಳಗಿನ ದಾರಿ ಮುಗಿಸಿ, ಕೊನೆಯ ಉತ್ತರ ಕೈಗೆ ಬಂದ ಮೇಲೆ ಅಲ್ಲಿಗೆ ಹೋಗುವುದು. ಆ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು ಅನ್ನುವುದು ನೆನಪಿರಲಿ.

ಮರುಪ್ರಶ್ನೆ (ಹಾಸನ):

ತುಂಬಾ ಥ್ಯಾಂಕ್ಸ್ ಸರ್. ಪತ್ರದ ವಿಷಯ ನೀವು ಹೇಳಿದ ಹಾಗೇ ಇತ್ತು, ನಗು ಬಂತು. ಒಂದು ತೊಡಕಿದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಅಪ್ಪನ ಹೆಸರಿನ ಕೊನೆಗೆ "ಗೌಡ" ಇದೆ. ಆಧಾರ್‌ನಲ್ಲಿ ಇಲ್ಲ, ಇನಿಷಿಯಲ್ ಮಾತ್ರ ಇದೆ. ತೊಂದರೆ ಆಗುತ್ತಾ?

ಉತ್ತರ:

ಕರ್ನಾಟಕದ ಅರ್ಧ ಫೈಲುಗಳ ಕಥೆ ಇದೇ. ಭರ್ತಿ ದಿನ ಕ್ಲರ್ಕ್ ಇಂಗ್ಲಿಷಿನಲ್ಲಿ ಏನು ಬರೆದನೋ ಅದೇ ಸೇನೆಯ ಹೆಸರು. ಅರ್ಜಿಯಲ್ಲಿ ಸೇನೆಯ ಸ್ಪೆಲಿಂಗ್ ಹೇಗಿದೆಯೋ ಹಾಗೇ ಬರೆಯಿರಿ, ಒಂದಕ್ಷರವೂ ತಿದ್ದಬೇಡಿ. ಆರ್ಮಿ ನಂಬರ್ ಮುಖ್ಯ, ಅದು ಪ್ರತಿ ಪುಟದ ಮೇಲೂ ಇರಲಿ. ಆಧಾರ್‌ನ ಹೆಸರು ಮತ್ತು ಇದು ಒಬ್ಬರೇ ಅಂತ ಅಫಿಡವಿಟ್ ಜೊತೆಗಿರಲಿ. ಹೆಸರು ಬದಲಾವಣೆಯ ಅರ್ಜಿಯನ್ನು ಮಾತ್ರ ಇದರ ಜೊತೆಗೇ ಹಾಕಬೇಡಿ. ಅದು ಬೇರೆ ಮೆರವಣಿಗೆ.

ಪ್ರಶ್ನೆ (ಮಡಿಕೇರಿಯಿಂದ):

ನಮ್ಮ ತಾತ 1953ರಲ್ಲಿ ಕೊರಿಯಾಗೆ ಹೋಗಿದ್ದರು, ಯುದ್ಧಕೈದಿಗಳನ್ನು ಕಾಯುವ ಭಾರತದ ಪಡೆಯಲ್ಲಿ. 1957ರಲ್ಲಿ ಪಿಂಚಣಿ ಇಲ್ಲದೆ ಬಿಟ್ಟು ಬಂದರು. ಈಗಿಲ್ಲ. ಕೊರಿಯಾದ ಮೆಡಲ್ ಯಾವುದೂ ಮನೆಯಲ್ಲಿಲ್ಲ. ಮೊಮ್ಮಕ್ಕಳು ಕೇಳಬಹುದಾ?

ಉತ್ತರ:

ಆ ಕೈದಿಗಳ ಆಯೋಗದ ಅಧ್ಯಕ್ಷರೇ ನಿಮ್ಮೂರಿನ ಜನರಲ್ ತಿಮ್ಮಯ್ಯ. ಹಾಗಾಗಿ ಇದು ಕೊಡಗಿನವರೇ ಕೇಳಬೇಕಾದ ಪ್ರಶ್ನೆ!

ಇಲ್ಲೂ ಅದೇ ರೋಗ. ಹೊರದೇಶದ ಸೇವೆಗೆ ಕೊಡುವ ವಿದೇಶ್ ಸೇವಾ ಮೆಡಲ್ ಹುಟ್ಟಿದ್ದೇ 1960ರಲ್ಲಿ. ಕೊರಿಯಾ ಅನ್ನುವ ಕ್ಲಾಸ್ಪ್, ಅಂದರೆ ರಿಬ್ಬನ್ ಮೇಲೆ ಹಾಕುವ, ಹೆಸರು ಬರೆದ ಲೋಹದ ಸಣ್ಣ ಪಟ್ಟಿ, ಅದಕ್ಕಿದೆ. ನಿಮ್ಮ ತಾತ 1957ಕ್ಕೇ ಮನೆಗೆ ಬಂದಿದ್ದರು. ಯಾರು ಹೇಳಬೇಕಿತ್ತು ಅವರಿಗೆ?

ಕುಟುಂಬದವರು ಕೇಳಬಹುದು. ಹತ್ತಿರದ ವಾರಸುದಾರರು ಯಾರೋ ಅವರು ಬರೆಯಲಿ, ಮರಣ ಪ್ರಮಾಣಪತ್ರ ಮತ್ತು ಸಂಬಂಧದ ದಾಖಲೆ ಜೊತೆಗಿರಲಿ. ಆದರೆ ಆಸೆ ಜಾಸ್ತಿ ಹುಟ್ಟಿಸಲ್ಲ. ಪಿಂಚಣಿ ಇಲ್ಲದೆ ಬಂದವರ ಸೇವಾ ಕಡತಗಳನ್ನು 25 ವರ್ಷ ಆದ ಮೇಲೆ ನಾಶ ಮಾಡುವ ನಿಯಮ ಇದೆ. ಉಳಿಯುವುದು ಲಾಂಗ್ ರೋಲ್ ಅನ್ನುವ ದೊಡ್ಡ ರಿಜಿಸ್ಟರ್. ಅದರಲ್ಲಿ ಒಬ್ಬೊಬ್ಬರಿಗೆ ಸಿಗುವುದು ಸ್ವಲ್ಪವೇ ಜಾಗ. "ಶೀಟ್ ರೋಲ್ ನಾಶವಾಗಿದ್ದರೆ ಲಾಂಗ್ ರೋಲ್‌ನ ನಮೂದನ್ನಾದರೂ ಕೊಡಿ" ಅಂತ ಪತ್ರದಲ್ಲೇ ಬರೆದುಬಿಡಿ. ಇಲ್ಲದಿದ್ದರೆ "ನಾಶವಾಗಿದೆ" ಅನ್ನುವಲ್ಲಿಗೆ ಉತ್ತರ ನಿಲ್ಲುತ್ತದೆ. ತಾತನ ಟ್ರಂಕ್ ಇದ್ದರೆ ತಳದವರೆಗೂ ಹುಡುಕಿ.

ಒಬ್ಬ ಸದಸ್ಯರು (ಟೆಕ್ಸಾಸ್‌ನಿಂದ):

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, 1.6 ಕೋಟಿಗೂ ಹೆಚ್ಚು ಸೈನಿಕರ ಕಡತ ಸುಟ್ಟುಹೋದವು. ನನ್ನ ಪಕ್ಕದ ಮನೆಯ ಅಜ್ಜ ಕೊರಿಯಾ ಯುದ್ಧದವರು, ಅವರ ಕಡತವೂ ಅದರಲ್ಲೇ ಹೋಯಿತು. ಇಲ್ಲಿ ಡಿಸ್ಚಾರ್ಜ್ ಕಾಗದಕ್ಕೆ ಡಿಡಿ 214 ಅಂತಾರೆ. ಬಿಟ್ಟುಹೋದ ಮೆಡಲ್ ಸೇರಿಸಲು ಆ ಕಾಗದವನ್ನು ತಿದ್ದುವುದಿಲ್ಲ, ಡಿಡಿ 215 ಅಂತ ಬೇರೆ ಹಾಳೆ ಕೊಡುತ್ತಾರೆ. ಅಜ್ಜನಿಗೆ ಕೊನೆಗೆ ನೆರವಾಗಿದ್ದು ಹೆಂಡತಿ ಜೋಪಾನ ಮಾಡಿದ್ದ ಡಿಡಿ 214 ಪ್ರತಿ ಮತ್ತು ಹಳೆ ಸಂಬಳದ ಚೀಟಿ.

ಇನ್ನೊಬ್ಬ ಸದಸ್ಯರು:

ಮೆಡಲ್ ಸೇರಿದರೆ ಪಿಂಚಣಿ ಎಷ್ಟು ಏರುತ್ತದೆ?

ಉತ್ತರ:

ಒಂದು ಪೈಸೆಯೂ ಇಲ್ಲ. ಭತ್ಯೆ ಇರುವುದು ಪರಮವೀರ ಚಕ್ರದಂಥ ಶೌರ್ಯ ಪದಕಗಳಿಗೆ. ಇಲ್ಲಿ ಮಾತಾಡುತ್ತಿರುವವು ಸೇವಾ ಮೆಡಲ್‌ಗಳು. "ಮೆಡಲ್ ಅರಿಯರ್ಸ್ ಕೊಡಿಸುತ್ತೇನೆ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಅಂಗಡಿಯಲ್ಲಿ ಸಿಗುವ ಮೆಡಲ್ ಬಗ್ಗೆಯೂ ಕೆಲವರು ಮೆಸೇಜ್ ಮಾಡಿ ಕೇಳಿದ್ದಾರೆ. ಕಂಟೋನ್ಮೆಂಟ್ ಪಕ್ಕದ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ, ಹೊಳಪೂ ಜಾಸ್ತಿ. ಸರ್ಕಾರ ಕೊಟ್ಟ ಹಳೆಯ ಮೆಡಲಿನ ಅಂಚಿನಲ್ಲಿ ಸೈನಿಕನ ನಂಬರ್, ಹೆಸರು ಕೊರೆದಿರುತ್ತದೆ. ದಾಖಲೆಯಲ್ಲಿ ನಮೂದಿದ್ದು, ಮೆಡಲ್ ಕಳೆದುಹೋಗಿದ್ದರೆ ಅಂಗಡಿಯದನ್ನು ಹಾಕಿಕೊಳ್ಳುವುದರಲ್ಲಿ ನನಗೇನೂ ತಪ್ಪು ಕಾಣಲ್ಲ. ನಮೂದೇ ಇಲ್ಲದೆ ಹಾಕಿಕೊಳ್ಳುವುದು ಬೇಡ. ಅಪ್ಪ, ತಾತನ ಮೆಡಲ್ ಮಕ್ಕಳು ಧರಿಸುವುದಾದರೆ ಎದೆಯ ಬಲಗಡೆಗೆ. ಎಡಗಡೆ ಅವರದು.

ಮರುಪ್ರಶ್ನೆ (ಹಾಸನ, ಹನ್ನೆರಡು ದಿನದ ನಂತರ):

ಸರ್, ಆರ್‌ಟಿಐ ಹಾಕಿದೆವು, ಅಪ್ಪನೇ ಸಹಿ ಮಾಡಿದರು. ಮಡಿಕೇರಿಯವರಿಗೆ ನೀವು ಟ್ರಂಕ್ ಅಂದಿದ್ದು ಓದಿ ನಮ್ಮ ಅಟ್ಟವನ್ನೂ ಹುಡುಕಿದೆ. ಅಮ್ಮನ ಹಳೆ ಸೀರೆಯ ಗಂಟಿನಲ್ಲಿ ಅಪ್ಪ ಬರೆದ ಏಳು ಇನ್‌ಲ್ಯಾಂಡ್ ಪತ್ರ ಸಿಕ್ಕವು. ಒಂದರಲ್ಲಿ ತಾರೀಕು 9.12.71. "ಕ್ಷೇಮ, ಅಡಿಕೆ ಕೊಯ್ಲು ಮುಗಿಸಿ, ನನ್ನ ಚಿಂತೆ ಬೇಡ" ಅಂತ ನಾಲ್ಕೇ ಸಾಲು. ಕಳಿಸಿದವರ ವಿಳಾಸದಲ್ಲಿ ಯೂನಿಟ್ ಹೆಸರು, ಕೆಳಗೆ 99 ಎಪಿಒ ಅಂತ ಸೇನಾ ಅಂಚೆಯ ನಂಬರ್. ಇದು ಉಪಯೋಗಕ್ಕೆ ಬರುತ್ತಾ?

ಉತ್ತರ:

ಬರುತ್ತಾ ಅಂತ ಕೇಳುತ್ತೀರಲ್ಲ! 99 ಎಪಿಒ ಪೂರ್ವದ ಕಡೆಯದು, ಪಶ್ಚಿಮದವರದು 56 ಎಪಿಒ. ಅಂಚೆ ಮುದ್ರೆಯಲ್ಲಿ ಎಫ್‌ಪಿಒ (ಸೇನೆಯ ಫೀಲ್ಡ್ ಪೋಸ್ಟ್ ಆಫೀಸ್) ನಂಬರ್ ಮತ್ತು ತಾರೀಕು ಇರಬೇಕು, ಬೆಳಕಿಗೆ ಹಿಡಿದು ನೋಡಿ. ಮಸುಕಾಗಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಆ ದಿನ ಅಪ್ಪ ರಜೆಯಲ್ಲಿರಲಿಲ್ಲ, ಯೂನಿಟ್‌ನಲ್ಲೇ ಇದ್ದರು ಅನ್ನುವುದಕ್ಕೆ ಅವರದೇ ಕೈಬರಹ ಸಿಕ್ಕಿತು. ಶೀಟ್ ರೋಲ್ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಪೂರ್ವಿ ಸ್ಟಾರ್ ಅರ್ಜಿ ಬರೆಯೋಣ, ಕರಡು ನನಗೆ ಕಳಿಸಿ.

ಪತ್ರದ ಹಿಂದೆ ಮುಂದೆ ಎರಡೂ ಜೆರಾಕ್ಸ್ ಮಾಡಿಸಿ. ಮೂಲ ಮನೆಯಲ್ಲೇ ಇರಲಿ. ಲ್ಯಾಮಿನೇಷನ್ ಮಾಡಿಸಬೇಡಿ, ಸ್ಟೇಪ್ಲರ್ ಹೊಡೆಯಬೇಡಿ. ಅಮ್ಮನ ಸೀರೆ ಗಂಟಿನಲ್ಲೇ ವಾಪಸ್ ಇಡಿ, ಐವತ್ತು ವರ್ಷ ಚೆನ್ನಾಗಿ ಕಾಪಾಡಿದೆ.